ಎಲ್ಲಾರಿಗೂ ಗೊತ್ತಿದ್ದದ್ದು, ಯಾರೂ ಬರೆದಿಡದೇ ಇದ್ದದ್ದು

ಕಾಳಿನ ಡಬ್ಬಿಗೆ ಒಣಗಿದ ಬೇವಿನ ಎಲೆ ಹಾಕಿಟ್ಟರೆ ಹುಳು ಹತ್ತೋದು ಕಡಿಮೆ ಅಂತ ಯಾವ ಪುಸ್ತಕದಲ್ಲಿದೆ? ಎಷ್ಟನೇ ಇಸವಿಯ ಪುಸ್ತಕ? ಎಷ್ಟನೇ ಪುಟ?

ತಮಾಷೆಗೆ ಕೇಳ್ತಾ ಇಲ್ಲ ಗೆಳೆಯರೆ. ಹೆಚ್ಚುಕಡಿಮೆ ಇಂಥವೇ ಪ್ರಶ್ನೆಗಳ ಮೇಲೆ 1990ರ ದಶಕದಲ್ಲಿ ಎರಡು ದೊಡ್ಡ ವ್ಯಾಜ್ಯ ನಡೆದವು. ಒಂದು ಅಮೆರಿಕಾದಲ್ಲಿ, ಅರಿಶಿನದ ಬಗ್ಗೆ. ಇನ್ನೊಂದು ಜರ್ಮನಿಯ ಮ್ಯೂನಿಕ್‌ನಲ್ಲಿ, ಬೇವಿನ ಬಗ್ಗೆ. ಎರಡರ ಹೆಸರೂ ನೀವು ಕೇಳಿರ್ತೀರಿ. ಆದರೆ ಅಲ್ಲಿ ಸಾಕ್ಷಿಯಾಗಿ ಏನು ನಡೆಯಿತು, ಏನು ನಡೆಯುತ್ತಿರಲಿಲ್ಲ ಅನ್ನೋದು ನಮ್ಮಂಥ ಬ್ಲಾಗ್ ಬರೆಯುವವರಿಗೆ ಮುಖ್ಯ ಅಂತ ನನಗನ್ನಿಸುತ್ತೆ. ಅದಕ್ಕೇ ಈ ಬರಹ.

ಮೊದಲು ನಮ್ಮೂರ ಕಡೆಯ ಪಟ್ಟಿ. ನಮ್ಮದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ. ಹನುಮಪ್ಪನ ಗುಡಿಯಿಂದಾಗಿ ಹೆಸರಾದ ಊರು, ಹೆಸರಿನಲ್ಲೇ ಒಂದು ಗಿಡ ಇಟ್ಟುಕೊಂಡಿರೋ ಊರು :) ಇಲ್ಲಿ ಹಿತ್ತಲಿನ ಪ್ರತಿ ಗಿಡಕ್ಕೂ ಒಂದೊಂದು ಕೆಲಸ. ಬೇವಿನ ಎಲೆ ಕಾಳಿಗೆ, ಟ್ರಂಕಿನ ಬಟ್ಟೆಗೆ. ಬೇವಿನ ಕಡ್ಡಿ, ಜಾಲಿ ಕಡ್ಡಿ ಹಲ್ಲಿಗೆ. ಔಡಲೆಣ್ಣೆ ಬೇಳೆಗೆ. ಅಂಟವಾಳ ಕಾಯಿಯ ನೊರೆ ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ. ಬಿಸಿ ಮಾಡಿದ ಎಕ್ಕೆ ಎಲೆ ಬಾತ ಮೊಣಕಾಲಿಗೆ. ಪುಂಡಿ ಸೊಪ್ಪು ಪಲ್ಯಕ್ಕೆ, ಪುಂಡಿ ನಾರು ಹಗ್ಗಕ್ಕೆ. ಕೈ ಕೊಯ್ದುಕೊಂಡರೆ ಅರಿಶಿನ ಇದ್ದೇ ಇದೆ.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುವಾಗ ನಮ್ಮ ಆಯಿ ಹೇಳಿದ್ದು ಒಂದೇ ಮಾತು: "ಏ ತಮ್ಮಾ, ಇದನ್ನೇನ್ ಬರಕೋತಿ? ಇದು ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲೇನು!"

ಆ ಮಾತು ನೂರಕ್ಕೆ ನೂರು ನಿಜ. ತೊಂದರೆ ಇರೋದೂ ಅಲ್ಲೇ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಬರೆಯೋದಿಲ್ಲ. ಬರೆಯದೇ ಇದ್ದದ್ದು ಕಾಗದದ ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ್ದು ಅಂತಲೇ ಲೆಕ್ಕ!

ಈಗ ಅರಿಶಿನದ ಕತೆ. 1995ರ ಮಾರ್ಚ್‌ನಲ್ಲಿ ಅಮೆರಿಕಾದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ವಿಷಯ: ಗಾಯ ಮಾಯಲು ಅರಿಶಿನದ ಬಳಕೆ! ನಮ್ಮಲ್ಲಿ ಕೇಳಿದವರೆಲ್ಲ ನಕ್ಕರು, ಕೆಲವರು ಸಿಟ್ಟಾದರು. ಆದರೆ ನಗುವಿನಿಂದಾಗಲಿ ಸಿಟ್ಟಿನಿಂದಾಗಲಿ ಪೇಟೆಂಟ್ ರದ್ದಾಗುವುದಿಲ್ಲವಲ್ಲ. ಆಗಿನ ಅಮೆರಿಕಾ ಕಾನೂನಿನ ಪ್ರಕಾರ ಒಂದು ವಿದ್ಯೆ ಹಳೆಯದು ಅಂತ ತೋರಿಸಬೇಕಾದರೆ ಅದು ಅಮೆರಿಕಾದೊಳಗೆ ಬಳಕೆಯಲ್ಲಿರಬೇಕಿತ್ತು, ಇಲ್ಲವೇ ಜಗತ್ತಿನ ಎಲ್ಲಾದರೂ ಅಚ್ಚಾಗಿರಬೇಕಿತ್ತು, ಪೇಟೆಂಟ್ ಆಗಿರಬೇಕಿತ್ತು. ಬೇರೆ ದೇಶದ ಕೋಟಿ ಜನ ದಿನಾ ಮಾಡ್ತಾರೆ ಅನ್ನೋದು ಅಲ್ಲಿ ಲೆಕ್ಕಕ್ಕೇ ಇಲ್ಲ. ಅಂದರೆ ನಮ್ಮ ಓಣಿಯ ಎಲ್ಲ ಆಯಿಗಳೂ ವಿಮಾನ ಹತ್ತಿ ಹೋಗಿ ಸಾಕ್ಷಿ ಹೇಳಿದ್ದರೂ ಕಾನೂನಿನ ಪ್ರಕಾರ ಪ್ರಯೋಜನ ಇರಲಿಲ್ಲ.

ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿ.ಎಸ್.ಐ.ಆರ್.) ಆಗ ಆರ್. ಎ. ಮಾಶೇಲ್ಕರ್ ಅವರ ಮುಂದಾಳತ್ವದಲ್ಲಿತ್ತು. ಅವರು 1996ರಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿದರು. ಜೊತೆಗೆ ಕೊಟ್ಟದ್ದು 32 ಬರಹಗಳು. ಅದರಲ್ಲಿ ಸಂಸ್ಕೃತ, ಉರ್ದು, ಹಿಂದಿ ಪಠ್ಯಗಳಿದ್ದವು, ಕೆಲವು ನೂರು ವರ್ಷಕ್ಕೂ ಹಳೆಯವು. 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಒಂದು ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ಬಿದ್ದುಹೋಯಿತು. ಗೆದ್ದದ್ದು ಅರಿಶಿನ ಅಂತ ಪತ್ರಿಕೆಗಳು ಬರೆದವು. ನಿಜವಾಗಿ ಗೆದ್ದದ್ದು, ಯಾವತ್ತೋ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದ ಆ ಕಾಗದಗಳು.

ಬೇವಿನದು ಸ್ವಲ್ಪ ಬೇರೆ. ಅಮೆರಿಕಾದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆಗೆ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಒಂದು ಪೇಟೆಂಟ್ ಕೊಟ್ಟಿತ್ತು. "ಬೇವಿನ ಮರಕ್ಕೇ ಪೇಟೆಂಟ್" ಅಂತ ನಮ್ಮಲ್ಲಿ ಸುದ್ದಿ ಹಬ್ಬಿತ್ತು, ಹಾಗೇನೂ ಅಲ್ಲ. ಒಂದು ರೀತಿಯಲ್ಲಿ ತೆಗೆದ ಬೇವಿನ ಎಣ್ಣೆಯಿಂದ ಗಿಡಗಳ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಕೊಟ್ಟದ್ದು ಅದು. ವಂದನಾ ಶಿವ, ಬೆಲ್ಜಿಯಂನ ಮಾಗ್ದಾ ಆಲ್ವೂಟ್, ಸಾವಯವ ಕೃಷಿ ಒಕ್ಕೂಟದ ಲಿಂಡಾ ಬುಲ್ಲಾರ್ಡ್ ಮೂವರೂ ಸೇರಿ 1995ರಲ್ಲಿ ತಕರಾರು ಹಾಕಿದರು. ಯುರೋಪಿನ ಕಾನೂನಿನಲ್ಲಿ ಬರೀ ಅಚ್ಚಾದದ್ದಲ್ಲ, ಎಲ್ಲೇ ಆಗಲಿ ಜನರೆದುರು ನಡೆದ ಬಳಕೆಯೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಮೊದಲಿನಿಂದಲೇ ಬೇವಿನ ಎಣ್ಣೆ ತೆಗೆದು ಹೊಲಗಳಲ್ಲಿ ಬಳಸಿದ್ದ ಭಾರತದ ಉದ್ಯಮಿಯೊಬ್ಬರ ಸಾಕ್ಷ್ಯ ಅಲ್ಲಿ ನಡೆಯಿತು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿ ಹಾಕಿದರು, ಅದೂ 2005ರ ಮಾರ್ಚ್ 8ರಂದು ವಜಾ ಆಯಿತು. ಎಲೆಕಡ್ಡಿಯಷ್ಟು ಸರಳ ವಿಷಯಕ್ಕೆ ಹತ್ತು ವರ್ಷ!

ಹಾಗಾದರೆ ಕನ್ನಡದಲ್ಲಿ ಬರೆದಿಟ್ಟವರು ಯಾರೂ ಇಲ್ಲವಾ ಅಂತ ಕೇಳಬಹುದು. ಇದ್ದಾರೆ, ಅದೂ ಎಷ್ಟು ಹಿಂದೆ! ಕಲ್ಯಾಣದ ಚಾಲುಕ್ಯರ ಎರಡನೇ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಬರೆದ. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ.) ಹೆಸರೇ ಹೇಳೋ ಹಾಗೆ ಲೋಕಕ್ಕೆ ಉಪಕಾರವಾಗುವ ವಿಷಯಗಳ ಪುಸ್ತಕ ಅದು. ಬಾವಿಗೆ ನೀರು ಎಲ್ಲಿ ಸಿಕ್ಕುತ್ತೆ, ಮರಗಿಡಗಳಿಗೆ ಆರೈಕೆ ಹೇಗೆ, ಅಡುಗೆ, ಸುಗಂಧ, ಮನುಷ್ಯರಿಗೆ ದನಕರುಗಳಿಗೆ ಔಷಧಿ... ಎಲ್ಲ ಒಂದೇ ಕಡೆ. ಸಾವಿರ ವರ್ಷದ ಹಿಂದಿನ ಕನ್ನಡ ಬ್ಲಾಗ್ ಅಂದರೂ ತಪ್ಪಿಲ್ಲ :) 2006ರಲ್ಲಿ ಇದು ಇಂಗ್ಲಿಷಿಗೂ ಬಂತು. ಆಮೇಲೆ 14ನೇ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಯ ಬಗ್ಗೆಯೇ 'ಖಗೇಂದ್ರಮಣಿದರ್ಪಣ' ಬರೆದ.

ಅದಾದ ಮೇಲೆ ದಾಖಲೆಯ ಕೆಲಸವನ್ನು ಜೋರಾಗಿ ಮಾಡಿದವರು ಬ್ರಿಟಿಷರು. ನಮ್ಮೂರ ಹತ್ತಿರದ ಕಲಾದಗಿ ಆಗ ಜಿಲ್ಲಾ ಕೇಂದ್ರ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 23ನೇ ಸಂಪುಟ, 1884ರದು, ಈ ಸೀಮೆಯದೇ. ಆಮೇಲೆ ಜಾರ್ಜ್ ವಾಟ್ ಎಂಬಾತ 1889ರಿಂದ 1893ರವರೆಗೆ ಇಡೀ ಭಾರತದ ಉಪಯುಕ್ತ ಗಿಡ, ಬೆಳೆ, ವಸ್ತುಗಳ ನಿಘಂಟನ್ನು ಆರು ಸಂಪುಟಗಳಲ್ಲಿ ತಂದ. ಅವರ ಉದ್ದೇಶ ವ್ಯಾಪಾರ. ಯಾವ ಮರ ಮಾರಬಹುದು, ಯಾವ ನಾರು ಹಡಗಿಗೆ ಏರಿಸಬಹುದು ಅನ್ನೋದು ಅವರ ಕಣ್ಣು. ಬೇಳೆಗೆ ಎಣ್ಣೆ ಸವರುವ ಹೆಂಗಸಿನ ಕೈ ಅಳತೆ ಅವರಿಗೆ ಬೇಕಾಗಿರಲಿಲ್ಲ.

ವಿಜ್ಞಾನಿಗಳೂ ತಡವಾಗಿಯೇ ಬಂದರು. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಹಸಿರೆಲ್ಲ ತಿಂದು ಹೋದಾಗ ಬೇವಿನ ಮರ ಮಾತ್ರ ಉಳಿದದ್ದನ್ನು ಜರ್ಮನಿಯ ಹೈನ್ರಿಕ್ ಶ್ಮುಟ್ಟೆರರ್ ಗಮನಿಸಿದರು. 1962ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಜೊತೆಗಾರರು ಬೇವಿನ ಬೀಜದ ತಿರುಳನ್ನು ನೀರಲ್ಲಿ ಕಲಸಿ ಬೆಳೆಗೆ ಸಿಂಪಡಿಸಿ ಮಿಡತೆ ತಡೆದರು. ಬೇವಿನ ಮುಖ್ಯ ಕೀಟನಿರೋಧಕ ವಸ್ತು ಅಜಾಡಿರಾಕ್ಟಿನ್ ಬೇರ್ಪಟ್ಟದ್ದು 1968ರಲ್ಲಿ.

ಈಗ ಕಾನೂನುಗಳು ಸುಧಾರಿಸಿವೆ. 2001ರಲ್ಲಿ ಶುರುವಾದ ನಮ್ಮ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಸೂತ್ರಗಳನ್ನು ಐದು ವಿದೇಶಿ ಭಾಷೆಗಳಿಗೆ ತಂದು ಪೇಟೆಂಟ್ ಕಚೇರಿಗಳಿಗೆ ತೋರಿಸುತ್ತೆ. 2013ರಿಂದ ಅಮೆರಿಕಾದ ಕಾನೂನೂ ಬೇರೆ ದೇಶದ ಬಳಕೆಯನ್ನು ಒಪ್ಪುತ್ತೆ. ಸಸ್ಯಮೂಲ, ಜ್ಞಾನಮೂಲ ಯಾವುದೆಂದು ಅರ್ಜಿಯಲ್ಲೇ ಹೇಳಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದವೊಂದಕ್ಕೆ 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕಾರ ಸಿಕ್ಕಿದೆ. ಎಲ್ಲ ಒಳ್ಳೆಯದೇ. ಆದರೆ ಆ ಗ್ರಂಥಾಲಯಕ್ಕೆ ಆಧಾರ ಮುಖ್ಯವಾಗಿ ಶಾಸ್ತ್ರಗ್ರಂಥಗಳು. ಹಿತ್ತಲಿನ ವಿದ್ಯೆಗೆ ಶಾಸ್ತ್ರಗ್ರಂಥ ಎಲ್ಲಿಂದ ಬರಬೇಕು? ಬಳಕೆಯನ್ನು ಒಪ್ಪುವ ಕಾನೂನಿದ್ದರೂ ಬಳಕೆ ಇತ್ತು ಅಂತ ತೋರಿಸಲು ತಾರೀಖಿರುವ ಸಾಕ್ಷಿ ಬೇಕೇ ಬೇಕು.

2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಇದೆ. ಪ್ರತಿ ಪಂಚಾಯ್ತಿಯ ಸಮಿತಿ ಊರಿನ ಗಿಡ, ಪ್ರಾಣಿ, ಅವುಗಳ ಬಳಕೆ ಎಲ್ಲ ಬರೆದ ಒಂದು ಜನತಾ ದಾಖಲಾತಿ ಇಡಬೇಕು. ಗಿಡದ ಹೆಸರಿನ ಪಟ್ಟಿ ಮಾಡೋದು ಸುಲಭ. ಬಳಕೆ ಹೇಳೋಕೆ ಬಳಸೋ ಜನ ಬೇಕು.

ನಮ್ಮ ಸೀಮೆಯಲ್ಲಿ ಅವಸರ ಯಾಕೆ ಅಂದರೆ, ಇದು ಮುಳುಗಡೆ ನಾಡು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ಎಷ್ಟೋ ಹಳ್ಳಿ ಹೋದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಮನೆಗೆ, ಹೊಲಕ್ಕೆ, ಮರಕ್ಕೆ ಪರಿಹಾರದ ಲೆಕ್ಕ ಹಾಕಿದರು. ಆದರೆ ಅಳತೆಯ ಸೈಟಿನಲ್ಲಿ ಜೋಳದ ಹಗೇವು ಎಲ್ಲಿ ತೋಡೋದು? ಔಡಲ ಎಲ್ಲಿ ಹಚ್ಚೋದು? ಆಣೆಕಟ್ಟೆಯನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಅಂತ 2010ರಲ್ಲಿ ನ್ಯಾಯಮಂಡಳಿ ಹೇಳಿದೆ. ನೀರು ಏರಿದರೆ ಇನ್ನಷ್ಟು ಹಿತ್ತಲುಗಳ ಸರದಿ. ಬೇವಿನ ಗಿಡ ಮತ್ತೆ ಎಲ್ಲಾದರೂ ಹುಟ್ಟುತ್ತೆ. ಅದರ ಜೊತೆಗಿದ್ದ ಕೆಲಸ ಮತ್ತೆ ಹುಟ್ಟೋದಿಲ್ಲ.

ಬರೆಯೋದು ಹೇಗೆ? ನಮ್ಮ ಸಾಫ್ಟ್‌ವೇರ್ ಮಂದಿ ಬಗ್ ರಿಪೋರ್ಟ್ ಬರೆಯೋ ಹಾಗೆ! ಓದಿದವರು ಅದನ್ನೇ ಮತ್ತೆ ಮಾಡಿ ನೋಡುವಂತಿರಬೇಕು. ಒಂದು ನಮೂನೆ ಕೊಡ್ತೀನಿ:

ಗಿಡ: ಔಡಲ (ಮೈಸೂರು ಕಡೆ ಹರಳು). ಭಾಗ: ಬೀಜದ ಎಣ್ಣೆ. ಊರು: ತುಳಸಿಗೇರಿ. ಕೆಲಸ: ತೊಗರಿಬೇಳೆಗೆ ಹುಳು ಬಾರದಂತೆ. ವಿಧಾನ: ಮಳೆಗಾಲಕ್ಕೆ ಮುಂಚೆ ಬೇಳೆಯನ್ನು ಬಿಸಿಲಿಗೆ ಒಣಗಿಸಿ, ಆರಿಸಿ, ಕೆಜಿಗೆ ಒಂದು ಚಮಚೆ ಎಣ್ಣೆ ಅಂಗೈಯಿಂದ ಸವರಿ ಮುಚ್ಚಿಡೋದು. ಬಳಸುವಾಗ ಬಿಸಿನೀರಲ್ಲಿ ತೊಳೆಯೋದು. ಎಚ್ಚರಿಕೆ: ಔಡಲ ಬೀಜ ವಿಷ, ಮಕ್ಕಳ ಕೈಗೆ ಸಿಗಬಾರದು.

ಕೊನೆಯ ಸಾಲು ಮರೀಬೇಡಿ. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಬೇವಿನ ಎಣ್ಣೆ ಕುಡಿಸಿದ ಎಳೆ ಮಕ್ಕಳು ತೀವ್ರವಾಗಿ ಕಾಯಿಲೆ ಬಿದ್ದದ್ದನ್ನು ಮಲೇಷ್ಯಾದ ವೈದ್ಯರು 1980ರ ದಶಕದ ಆರಂಭದಲ್ಲೇ ದಾಖಲಿಸಿದ್ದಾರೆ. ಹಳೆಯದೆಲ್ಲ ಅಮೃತ ಅಂತ ಬರೆಯೋದು ಬೇಡ. ಏನು ಮಾಡ್ತಿದ್ದರು, ಏನು ಮಾಡ್ತಿರಲಿಲ್ಲ, ಎರಡೂ ಇರಲಿ.

ಇನ್ನೊಂದು ಮಾತು. ಒಬ್ಬ ವೈದ್ಯರು ಗುಟ್ಟಾಗಿ ಇಟ್ಟುಕೊಂಡ ಮದ್ದನ್ನು ಅವರನ್ನು ಕೇಳದೆ ಹಾಕಬೇಡಿ, ಅದು ಅವರ ಬದುಕು. ನಾನು ಹೇಳ್ತಿರೋದು ಓಣಿಗೆಲ್ಲ ಗೊತ್ತಿರೋದರ ಬಗ್ಗೆ ಮಾತ್ರ.

ನಾವು ಬರೆದ ಪ್ರತಿ ಪೋಸ್ಟಿನ ಕೆಳಗೂ ಒಂದು ತಾರೀಖು ಬೀಳುತ್ತಲ್ಲ, ಯಾರೂ ಅಷ್ಟಾಗಿ ನೋಡದ ಆ ತಾರೀಖು, ನಾಳೆ ಯಾರಿಗೋ 33ನೇ ಕಾಗದ ಆಗಬಹುದು. ಒಂದು ಗಿಡ, ಒಂದು ಕೆಲಸ, ನಿಮ್ಮ ಊರಿನ ಹೆಸರು. ಮಲೆನಾಡಿನವರು, ಕರಾವಳಿಯವರು, ಕಾಸರಗೋಡಿನವರು, ಎಲ್ಲ ಒಂದೊಂದು ಬರೀರಿ. ನನ್ನ ಔಡಲ ಆಯಿತು, ಮುಂದಿನ ಸಲ ಪುಂಡಿ. ನಿಮ್ಮದು ಯಾವುದು?