ಯಂತ್ರ ಓದದ ಸಾಲುಗಳು: ಗ್ರಾಫಿಕ್ಸ್ ಕ್ರಮವಿಧಿಗಳ ಟಿಪ್ಪಣಿಗಳಲ್ಲಿ ಭಾಷಾ ಪರಿಷ್ಕರಣೆಯ ಇತಿಹಾಸ

ಗಣಕಯಂತ್ರಕ್ಕಾಗಿ ರಚಿತವಾಗುವ ಕ್ರಮವಿಧಿಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬರವಣಿಗೆ ಇರುತ್ತದೆ. ಮೊದಲನೆಯದು ಯಂತ್ರಕ್ಕೆ ಕೊಡುವ ಆದೇಶ. ಎರಡನೆಯದು ಆ ಆದೇಶವನ್ನು ಮುಂದೆ ಓದಲಿರುವ ಮನುಷ್ಯನಿಗಾಗಿ ನಡುನಡುವೆ ಬರೆದಿಡುವ ವಿವರಣೆ. ಇಂಗ್ಲಿಷಿನಲ್ಲಿ ಕಾಮೆಂಟ್ ಎನಿಸಿಕೊಳ್ಳುವ ಈ ವಿವರಣೆಯನ್ನು ಟಿಪ್ಪಣಿ ಎಂದು ಕರೆಯಬಹುದು. ಕ್ರಮವಿಧಿಯನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್, ಟಿಪ್ಪಣಿಯನ್ನು ಕಂಡೊಡನೆ ಅದನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ಅದರಲ್ಲಿ ಕಾಗುಣಿತ ತಪ್ಪಿದ್ದರೂ, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲದಿದ್ದರೂ ಫಲಿತಾಂಶ ಬದಲಾಗುವುದಿಲ್ಲ. ಹೀಗಿದ್ದರೂ ಟಿಪ್ಪಣಿಗಳ ವ್ಯಾಕರಣವನ್ನು ತಿದ್ದುವ ಕೆಲಸ ದಶಕಗಳಿಂದ ನಡೆದುಬಂದಿದೆ. ತೆರೆಯ ಮೇಲೆ ಚಿತ್ರ ಮೂಡಿಸುವ ಸಿದ್ಧ ಕ್ರಮವಿಧಿಗಳ ಸಂಗ್ರಹಗಳಾದ ಗ್ರಾಫಿಕ್ಸ್ ಲೈಬ್ರರಿಗಳಲ್ಲಿ ಈ ಕೆಲಸಕ್ಕೆ ಒಂದು ವಿಶೇಷ ತೂಕವಿರುವುದು ಗಮನಾರ್ಹ.

ಸೂತ್ರಕ್ಕೆ ವೃತ್ತಿ, ವೃತ್ತಿಗೆ ವ್ಯಾಖ್ಯಾನ ಎಂಬ ಪರಂಪರೆಯನ್ನು ಬಲ್ಲ ಕನ್ನಡ ವಿದ್ವತ್ ಲೋಕಕ್ಕೆ ಈ ವ್ಯವಸ್ಥೆ ಅಪರಿಚಿತವೆನಿಸದು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನು ತನ್ನ ಸೂತ್ರಗಳಿಗೆ ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದನು. ಆದರೆ ಸಾಮ್ಯ ಇಲ್ಲಿಗೇ ನಿಲ್ಲುತ್ತದೆ. ಶಾಸ್ತ್ರಗ್ರಂಥದಲ್ಲಿ ಸೂತ್ರ ಮತ್ತು ವೃತ್ತಿಗಳೆರಡನ್ನೂ ಓದುವವನು ಒಬ್ಬನೇ. ಒಂದರಲ್ಲಿ ದೋಷವಿದ್ದರೆ ಇನ್ನೊಂದರಿಂದ ಅದು ಬಯಲಾಗುತ್ತದೆ. ಕ್ರಮವಿಧಿಯಲ್ಲಾದರೋ ಆದೇಶವನ್ನು ಪಾಲಿಸುವುದು ಯಂತ್ರ, ಟಿಪ್ಪಣಿಯನ್ನು ನಂಬುವುದು ಮನುಷ್ಯ. ಇವೆರಡರ ನಡುವೆ ಬಿರುಕು ಬಿಟ್ಟರೆ ಯಂತ್ರವು ದೂರು ಹೇಳುವುದಿಲ್ಲ.

ಟಿಪ್ಪಣಿಗೆ ಸ್ಥಾನ ಕಲ್ಪಿಸುವ ಪ್ರಯತ್ನ ಉನ್ನತ ಸ್ತರದ ಗಣಕಭಾಷೆಗಳಷ್ಟೇ ಹಳೆಯದು. 1957ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ, ರಂಧ್ರಪತ್ರದ ಮೊದಲ ಅಂಕಣದಲ್ಲಿ ‘ಸಿ’ ಎಂಬ ಅಕ್ಷರವಿದ್ದರೆ ಆ ಪತ್ರವೆಲ್ಲ ಟಿಪ್ಪಣಿಯೆಂದು ಅರ್ಥ. ಆಲ್ಗಾಲ್ 60ರಲ್ಲಿ ‘ಕಾಮೆಂಟ್’ ಎಂಬ ಪದದಿಂದ ತೊಡಗಿ ಮುಂದಿನ ಅರ್ಧವಿರಾಮದವರೆಗೆ ಇರುವುದೆಲ್ಲ ಟಿಪ್ಪಣಿ. ಇದರಿಂದ ಒಂದು ವಿನೋದದ ಪರಿಸ್ಥಿತಿ ಉಂಟಾಯಿತು. ಸುಶಿಕ್ಷಿತ ಇಂಗ್ಲಿಷಿನಲ್ಲಿ ಬರೆಯುವವನು ತನ್ನ ವಾಕ್ಯದ ನಡುವೆ ಸಹಜವಾಗಿ ಅರ್ಧವಿರಾಮವನ್ನು ಬಳಸಿದರೆ ಟಿಪ್ಪಣಿ ಅಲ್ಲಿಗೇ ಮುಗಿದು, ವಾಕ್ಯದ ಉಳಿದ ಭಾಗವನ್ನು ಯಂತ್ರವು ಆದೇಶವೆಂದು ಓದಲು ತೊಡಗುತ್ತಿತ್ತು. ಲೇಖನಚಿಹ್ನೆಯು ಯಂತ್ರದ ವಿಷಯವೂ ಆದ ಅಪರೂಪದ ಸಂದರ್ಭವಿದು.

ಇಂಥದೇ ಇನ್ನೊಂದು ತೊಡಕು ಗ್ರಾಫಿಕ್ಸ್ ಕ್ಷೇತ್ರಕ್ಕೆ ಹೆಚ್ಚು ಹತ್ತಿರದ್ದು. ಸಿ++ ಭಾಷೆಯಲ್ಲಿ, 1999ರ ಮಾನಕದ ಅನಂತರ ಸಿ ಭಾಷೆಯಲ್ಲಿಯೂ, ಎರಡು ಓರೆಗೆರೆಗಳಿಂದ ತೊಡಗಿದ ಟಿಪ್ಪಣಿ ಆ ಸಾಲಿನ ಕೊನೆಗೆ ಮುಗಿಯುತ್ತದೆ. ಆದರೆ ಸಾಲಿನ ಕೊನೆಯಲ್ಲಿ ಹಿಮ್ಮುಖ ಓರೆಗೆರೆ ಇದ್ದರೆ ಮುಂದಿನ ಸಾಲೂ ಟಿಪ್ಪಣಿಗೇ ಸೇರಿಹೋಗುತ್ತದೆ. ಗ್ರಾಫಿಕ್ಸ್ ಕ್ರಮವಿಧಿಕಾರರಿಗೆ ತ್ರಿಕೋನಗಳನ್ನೂ ಅಕ್ಷರೇಖೆಗಳನ್ನೂ ಕೀಲಿಮಣೆಯ ಗೆರೆಗಳಿಂದಲೇ ಟಿಪ್ಪಣಿಯಲ್ಲಿ ಬಿಡಿಸಿ ತೋರಿಸುವ ಅಭ್ಯಾಸವುಂಟು. ತ್ರಿಕೋನದ ಬಲಬದಿಯ ಗೆರೆ ಇದೇ ಹಿಮ್ಮುಖ ಓರೆಗೆರೆಯಾದುದರಿಂದ, ಚಿತ್ರದ ಕೊನೆಯ ಸಾಲು ಅದರಲ್ಲಿ ಮುಗಿದರೆ ಕೆಳಗಿನ ನಿಜವಾದ ಆದೇಶವು ಸದ್ದಿಲ್ಲದೆ ಮಾಯವಾಗಬಹುದು. ಈ ಅಪಾಯವನ್ನು ಅರಿತ ಕಂಪೈಲರುಗಳು ಇಂತಹ ಕಡೆ ಎಚ್ಚರಿಕೆ ನೀಡುತ್ತವೆ.

ಟಿಪ್ಪಣಿಯನ್ನು ಗದ್ಯವೆಂದೇ ಪರಿಗಣಿಸುವ ದೃಷ್ಟಿ 1970ರ ದಶಕದಲ್ಲಿ ಬಲಗೊಂಡಿತು. ಬ್ರಯನ್ ಕರ್ನಿಹಾನ್ ಮತ್ತು ಪಿ. ಜೆ. ಪ್ಲಾಗರ್ 1974ರಲ್ಲಿ ಪ್ರಕಟಿಸಿದ ಕ್ರಮವಿಧಿ ಶೈಲಿಯ ಕೈಪಿಡಿಯು, ಅಮೆರಿಕದಲ್ಲಿ ಪ್ರಸಿದ್ಧವಾಗಿದ್ದ ಸ್ಟ್ರಂಕ್ ಮತ್ತು ವೈಟ್ ಅವರ ಗದ್ಯಶೈಲಿಯ ಕೈಪಿಡಿಯನ್ನು ಹೆಸರಿನಲ್ಲಿಯೂ ರೀತಿಯಲ್ಲಿಯೂ ಅನುಸರಿಸಿತು. ಟಿಪ್ಪಣಿಯೂ ಆದೇಶವೂ ಪರಸ್ಪರ ಒಪ್ಪುವಂತಿರಬೇಕೆಂಬುದು ಅದರ ನಿಯಮಗಳಲ್ಲಿ ಒಂದು. ಈ ದೃಷ್ಟಿಯನ್ನು ತುದಿ ಮುಟ್ಟಿಸಿದವರು ಡೊನಾಲ್ಡ್ ಕ್ನೂತ್. ಮುದ್ರಣಾಕ್ಷರಗಳ ಆಕಾರವನ್ನು ಗಣಿತದ ಮೂಲಕ ಬರೆಯಿಸುವ ಅವರ ಮೆಟಾಫಾಂಟ್ 1979ರಲ್ಲಿ ಬಂದಿತು. ಅದು ತತ್ತ್ವತಃ ಒಂದು ಗ್ರಾಫಿಕ್ಸ್ ಭಾಷೆಯೇ. 1984ರಲ್ಲಿ ಅವರು, ಕ್ರಮವಿಧಿಯನ್ನು ಮನುಷ್ಯ ಓದುವ ಪ್ರಬಂಧದಂತೆ ಬರೆದು, ಯಂತ್ರಕ್ಕೆ ಬೇಕಾದುದನ್ನು ಅದರಿಂದ ಆಯ್ದುಕೊಳ್ಳುವ ಪದ್ಧತಿಯನ್ನು ಪ್ರತಿಪಾದಿಸಿದರು. ಅದರಂತೆ ಮೆಟಾಫಾಂಟಿನ ಇಡೀ ಕ್ರಮವಿಧಿ 1986ರಲ್ಲಿ ಒಂದು ಮುದ್ರಿತ ಸಂಪುಟವಾಗಿ ಹೊರಬಂದಿತು. ತಮ್ಮ ಗ್ರಂಥಗಳಲ್ಲಿ ದೋಷ ತೋರಿಸಿದವರಿಗೆ ಕ್ನೂತ್ 2.56 ಡಾಲರುಗಳ ಚೆಕ್ ಕಳುಹಿಸುತ್ತಿದ್ದರು. ತಾಂತ್ರಿಕ ದೋಷಕ್ಕೆ ಎಷ್ಟೋ ಅಚ್ಚಿನ ತಪ್ಪಿಗೂ ಅಷ್ಟೇ. 1989ರಲ್ಲಿ ಅವರು ತಮ್ಮ ಟೆಕ್ ತಂತ್ರಾಂಶದ ದೋಷಗಳ ಇತಿಹಾಸವನ್ನು ಪ್ರಕಟಿಸಿದಾಗ ಅವುಗಳನ್ನು 15 ವರ್ಗಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಸ್ಪಷ್ಟತೆಗಾಗಿ ಮಾಡಿದ ಪರಿಷ್ಕರಣೆಗೂ ಕ್ಷುಲ್ಲಕ ಬೆರಳಚ್ಚು ದೋಷಕ್ಕೂ ಪ್ರತ್ಯೇಕ ಸ್ಥಾನವಿತ್ತು.

ಈ ಪದ್ಧತಿಯ ಶ್ರೇಷ್ಠ ಫಲ ಗ್ರಾಫಿಕ್ಸ್ ಕ್ಷೇತ್ರದಲ್ಲಿಯೇ ದೊರೆತದ್ದು ಆಕಸ್ಮಿಕವಲ್ಲ. ಬೆಳಕಿನ ಭೌತನಿಯಮಗಳನ್ನು ಅನುಸರಿಸಿ ಚಿತ್ರ ನಿರ್ಮಿಸುವ ವಿಧಾನವನ್ನು ಕುರಿತು ಮ್ಯಾಟ್ ಫಾರ್ ಮತ್ತು ಗ್ರೆಗ್ ಹಂಫ್ರೀಸ್ 2004ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥ ಏಕಕಾಲದಲ್ಲಿ ಪಠ್ಯಪುಸ್ತಕವೂ ಹೌದು, ಪೂರ್ಣ ಕ್ರಮವಿಧಿಯೂ ಹೌದು. ಆಸ್ಕರ್ ಪ್ರಶಸ್ತಿ ನೀಡುವ ಅಮೆರಿಕದ ಚಲನಚಿತ್ರ ಅಕಾಡೆಮಿಯು 2014ರಲ್ಲಿ ಇವರಿಬ್ಬರಿಗೂ ಪ್ಯಾಟ್ ಹ್ಯಾನ್ರಹಾನ್ ಅವರಿಗೂ ತಾಂತ್ರಿಕ ಪ್ರಶಸ್ತಿ ನೀಡಿ ಈ ಕೃತಿಯನ್ನು ಮನ್ನಿಸಿತು.

ಆದರೆ ಬಹುಪಾಲು ಲೈಬ್ರರಿಗಳು ಪುಸ್ತಕಗಳಲ್ಲ. ಅವುಗಳಲ್ಲಿ ಟಿಪ್ಪಣಿಯ ಅಂತಸ್ತು ಬದಲಾದದ್ದು ಬೇರೆ ದಾರಿಯಿಂದ. 1990ರ ದಶಕದ ಉತ್ತರಾರ್ಧದಲ್ಲಿ ಜಾವಾಡಾಕ್, ಡಾಕ್ಸಿಜನ್ ಮೊದಲಾದ ಉಪಕರಣಗಳು ಬಳಕೆಗೆ ಬಂದವು. ನಿಗದಿತ ರೂಪದಲ್ಲಿ ಬರೆದ ಟಿಪ್ಪಣಿಗಳನ್ನು ಆಯ್ದು ಇವು ಕೈಪಿಡಿಯನ್ನೇ ಸಿದ್ಧಪಡಿಸಿಬಿಡುತ್ತವೆ. ಸಹೋದ್ಯೋಗಿಯೊಬ್ಬನಿಗಾಗಿ ಅಂಚಿನಲ್ಲಿ ಗೀಚಿದ ಮಾತು ಹೀಗೆ ಒಮ್ಮೆಲೇ ಸಾವಿರಾರು ಅಪರಿಚಿತರ ಮುಂದಿನ ಅಧಿಕೃತ ಪಠ್ಯವಾಯಿತು.

ಈ ಪಠ್ಯದಲ್ಲಿ ಒಂದು ಪದದ ಬೆಲೆ ಎಷ್ಟೆಂಬುದಕ್ಕೆ ಜಿಎಲ್ಎಂ ಎಂಬ ಗಣಿತ ಲೈಬ್ರರಿ ಉತ್ತಮ ನಿದರ್ಶನ. 1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆ ಪ್ರಕಟಿಸಿದ ಓಪನ್‌ಜಿಎಲ್‌ನ ಭ್ರಮಣ ಆದೇಶವು ಕೋನವನ್ನು ಡಿಗ್ರಿಗಳಲ್ಲಿ ಸ್ವೀಕರಿಸುತ್ತಿತ್ತು. ಮುಂದೆ ಬಂದ ಅದರ ಶೇಡರ್ ಭಾಷೆಯ ತ್ರಿಕೋನಮಿತಿ ಕ್ರಿಯೆಗಳಿಗಾದರೋ ರೇಡಿಯನ್ ಬೇಕು. ಎರಡರ ನಡುವೆ ನಿಂತ ಜಿಎಲ್ಎಂ ಮೊದಲು ಡಿಗ್ರಿಯನ್ನು ಒಪ್ಪುತ್ತಿತ್ತು. ಅನಂತರ ಬಳಕೆದಾರನ ಆಯ್ಕೆಯಂತೆ ರೇಡಿಯನ್ನನ್ನೂ ಒಪ್ಪತೊಡಗಿ, 2014ರ ಆವೃತ್ತಿಯಿಂದ ರೇಡಿಯನ್ ಮಾತ್ರ ಎಂದು ನಿಶ್ಚಯಿಸಿತು. ಕಂಪೈಲರಿಗೆ 90 ಎಂಬುದು ಬರಿಯ ಸಂಖ್ಯೆ. ಡಿಗ್ರಿಯೆಂದು ಬಗೆದು ಕೊಟ್ಟ 90ನ್ನು ರೇಡಿಯನ್ ಎಂದು ಗ್ರಹಿಸಿದರೆ ವಸ್ತುವು 90ರ ಬದಲು ಸುಮಾರು 117 ಡಿಗ್ರಿ ತಿರುಗಿದಂತೆ ಕಾಣುತ್ತದೆ, ದೋಷಸೂಚನೆಯೇನೂ ಬರುವುದಿಲ್ಲ. ಇದನ್ನು ತಡೆಯಲು ಬಳಕೆದಾರನಿಗೆ ಇದ್ದ ಆಸರೆ ಟಿಪ್ಪಣಿಯ ಒಂದು ಪದ.

ಮಾತೃಕೆಗಳ ವಿಷಯದಲ್ಲಿ ಗೊಂದಲ ಇನ್ನೂ ಆಳವಾದದ್ದು. ಓಪನ್‌ಜಿಎಲ್ ಮಾತೃಕೆಯ 16 ಸಂಖ್ಯೆಗಳಲ್ಲಿ ಸ್ಥಾನಾಂತರವನ್ನು ಸೂಚಿಸುವ ಮೂರು 13, 14 ಮತ್ತು 15ನೆಯ ಸ್ಥಾನಗಳಲ್ಲಿರುತ್ತವೆ. ಅದರ ಕೈಪಿಡಿ ಈ ಸಂಖ್ಯೆಗಳನ್ನು ಕಂಬಸಾಲಿನ ಕ್ರಮದಲ್ಲಿ ವಿವರಿಸಿದರೆ, ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ ಕೈಪಿಡಿ ಅಡ್ಡಸಾಲಿನ ಕ್ರಮವನ್ನು ಅನುಸರಿಸಿತು. ಸ್ಮೃತಿಕೋಶದಲ್ಲಿ ಸಂಖ್ಯೆಗಳ ಸ್ಥಾನ ಒಂದೇ. ಬೇರೆಯಾದದ್ದು ವಿವರಣೆಯ ಪರಿಭಾಷೆ. ಎರಡು ವ್ಯವಸ್ಥೆಗಳು ಮೂಲತಃ ಭಿನ್ನವೆಂದು ಭಾವಿಸಿ, ಬೇಡದ ಕಡೆ ಸಾಲುಗಳನ್ನು ಅದಲುಬದಲು ಮಾಡಿ ಪರದಾಡಿದವರು ಬಹಳ. ಮಾತೃಕೆಯ ದಿಕ್ಕಿನ ಸಮಸ್ಯೆಯೂ ಇಂಥದೇ. ಒಂದು ಮಾತೃಕೆ ದೃಶ್ಯಲೋಕದಿಂದ ಕ್ಯಾಮೆರಾಕ್ಕೆ ಕೊಂಡೊಯ್ಯುತ್ತದೆಯೋ ಕ್ಯಾಮೆರಾದಿಂದ ದೃಶ್ಯಲೋಕಕ್ಕೋ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ಪುಟ್ಟ ಉಪಸರ್ಗಗಳು ತಿಳಿಸುತ್ತವೆ. ಕನ್ನಡದಲ್ಲಿ ಆ ಕೆಲಸ ವಿಭಕ್ತಿಪ್ರತ್ಯಯಗಳದು. ಅವು ಅದಲುಬದಲಾದರೆ ಓದುಗನಿಗೆ ದೊರೆಯುವುದು ವಿಲೋಮ ಮಾತೃಕೆ. ವ್ಯಾಕರಣದ ತಿದ್ದುಪಡಿಯನ್ನು ಹೊರಮೈಯ ಅಲಂಕಾರವೆಂದು ತಳ್ಳಿಹಾಕುವವರು ಈ ಉದಾಹರಣೆಯನ್ನು ಗಮನಿಸಬೇಕು.

ಹಾಗೆಂದು ವ್ಯಾಕರಣಶುದ್ಧಿಯೊಂದೇ ಸಾಕೆನ್ನಲಾಗದು. 2005ರಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆ ‘ಕ್ವೇಕ್ 3’ ಆಟದ ಕ್ರಮವಿಧಿಯನ್ನು ಮುಕ್ತಗೊಳಿಸಿದಾಗ, ವರ್ಗಮೂಲದ ವ್ಯುತ್ಕ್ರಮವನ್ನು ಅತಿ ವೇಗವಾಗಿ ಕಂಡುಹಿಡಿಯುವ ಅದರ ಪುಟ್ಟ ತುಣುಕೊಂದು ಜಗತ್ಪ್ರಸಿದ್ಧವಾಯಿತು. ವಿಚಿತ್ರ ಸಂಖ್ಯೆಯೊಂದರಿಂದ ಕಳೆಯುವ ಅದರ ಮುಖ್ಯ ಸಾಲಿನ ಪಕ್ಕದ ಟಿಪ್ಪಣಿ, ಸಭ್ಯವಲ್ಲದ ಒಂದು ಉದ್ಗಾರ ಮಾತ್ರ. ಆ ಸಂಖ್ಯೆ ಎಲ್ಲಿಂದ ಬಂತು, ಈ ಉಪಾಯ ಯಾರದು ಎಂಬುದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ತುಣುಕು ಅದಕ್ಕೂ ಮೊದಲೇ ಕೈಯಿಂದ ಕೈಗೆ ಹರಡಿತ್ತು. 2003ರಲ್ಲಿಯೇ ಕ್ರಿಸ್ ಲೊಮಾಂಟ್ ಆ ಸಂಖ್ಯೆಯ ಗಣಿತವನ್ನು ವಿಶ್ಲೇಷಿಸಿದ್ದರು. ಅದರ ಮೂಲ 1980ರ ದಶಕದ ಕೊನೆಯಲ್ಲಿ ಆರ್ಡೆಂಟ್ ಕಂಪ್ಯೂಟರ್ ಸಂಸ್ಥೆಯಲ್ಲಿದ್ದ ಗ್ರೆಗ್ ವಾಲ್ಶ್ ಅವರತ್ತ ಸಾಗುತ್ತದೆಂಬುದು ಅನಂತರದ ಶೋಧದಿಂದ ತಿಳಿದುಬಂದಿತು. ಎರಡು ಸಾಲಿನ ಟಿಪ್ಪಣಿ ಇದ್ದಿದ್ದರೆ ಇಷ್ಟೆಲ್ಲ ಶೋಧ ಬೇಕಾಗುತ್ತಿರಲಿಲ್ಲ.

ಇನ್ನು ಟಿಪ್ಪಣಿಯ ಭಾಷೆಯೇ ಬೇರೆಯಾದಾಗ ಪರಿಷ್ಕರಣೆ ಭಾಷಾಂತರದ ರೂಪ ತಾಳುತ್ತದೆ. ನೆದರ್ಲೆಂಡಿನಲ್ಲಿ ಹುಟ್ಟಿದ ಬ್ಲೆಂಡರ್ ಎಂಬ ತ್ರಿವಿಮ ಚಿತ್ರ ತಂತ್ರಾಂಶದ ಕ್ರಮವಿಧಿ 2002ರಲ್ಲಿ ಸಾರ್ವಜನಿಕವಾದಾಗ ಅದರಲ್ಲಿ ಡಚ್ ಭಾಷೆಯ ಟಿಪ್ಪಣಿಗಳಿದ್ದವು. ಅವನ್ನು ಕ್ರಮೇಣ ಇಂಗ್ಲಿಷಿಗೆ ತರಲಾಯಿತು. ಜರ್ಮನಿಯ ಸ್ಟಾರ್‌ಆಫೀಸಿನಿಂದ ಬೆಳೆದ ಲಿಬ್ರೆಆಫೀಸ್ 2010ರಲ್ಲಿ ಆರಂಭವಾದಾಗ, ಅದರಲ್ಲಿ ಹುದುಗಿದ್ದ ಜರ್ಮನ್ ಟಿಪ್ಪಣಿಗಳ ಅನುವಾದವನ್ನು ಹೊಸಬರಿಗೆ ಒಪ್ಪಿಸುವ ಸುಲಭ ಕೆಲಸಗಳಲ್ಲಿ ಒಂದೆಂದು ಗುರುತಿಸಲಾಯಿತು. ಸುಲಭವೆಂಬ ಈ ಮಾತು ಚರ್ಚಾಸ್ಪದ. ಬರೆದವನು ಕಣ್ಮರೆಯಾದ ಮೇಲೆ ಅವನ ಆಶಯವನ್ನು ಇನ್ನೊಂದು ಭಾಷೆಯಲ್ಲಿ ನಿಶ್ಚಯಿಸುವುದು ಹೊಸಬನ ಕೆಲಸವಲ್ಲ.

ಟಿಪ್ಪಣಿಯ ತಪ್ಪನ್ನು ಎಂದಾದರೂ ತಿದ್ದಬಹುದು. ಹೆಸರಿನ ತಪ್ಪು ಹಾಗಲ್ಲ. ಯೂನಿಕ್ಸ್‌ನಲ್ಲಿ ಕಡತ ರಚಿಸುವ ಆದೇಶದ ಹೆಸರಿನಲ್ಲಿ ಕೊನೆಯ ‘ಇ’ ಅಕ್ಷರವಿಲ್ಲ. ಅಂತರಜಾಲದ ಎಚ್‌ಟಿಟಿಪಿ ನಿಯಮಾವಳಿಯ ‘ರೆಫರರ್’ ಎಂಬ ಪದ 1996ರ ದಾಖಲೆಯಲ್ಲಿ ಒಂದು ಅಕ್ಷರ ಕಳೆದುಕೊಂಡೇ ಸ್ಥಿರವಾಯಿತು. ಅಸಂಖ್ಯ ಕ್ರಮವಿಧಿಗಳು ಆ ತಪ್ಪು ರೂಪವನ್ನೇ ಅವಲಂಬಿಸಿರುವುದರಿಂದ ತಿದ್ದಿದರೆ ಎಲ್ಲವೂ ಕೆಡುತ್ತದೆ. ಯಂತ್ರದ ಉಪೇಕ್ಷೆಯೇ ಟಿಪ್ಪಣಿಗೆ ದೊರೆತ ಸ್ವಾತಂತ್ರ್ಯ.

2016ರಲ್ಲಿ ಕ್ರೋನೋಸ್ ಒಕ್ಕೂಟ ಪ್ರಕಟಿಸಿದ ವಲ್ಕನ್ ಗ್ರಾಫಿಕ್ಸ್ ವ್ಯವಸ್ಥೆಯಲ್ಲಿ ವಿವರಣೆಯ ಭಾಷೆಗೆ ಹೊಸ ಅಧಿಕಾರ ಬಂದಿದೆ. ಅದರ ನಿಯಮಗ್ರಂಥದಲ್ಲಿ ‘ಮಾಡತಕ್ಕದ್ದು’, ‘ಮಾಡಬಹುದು’ ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದಗಳಿಗೆ ನಿಶ್ಚಿತ ಅರ್ಥವಿದೆ. ಸರಿಯಾದ ಬಳಕೆಯನ್ನು ವಿಧಿಸುವ ಒಂದೊಂದು ವಾಕ್ಯಕ್ಕೂ ಗುರುತುಸಂಖ್ಯೆಯುಂಟು. ಪರೀಕ್ಷಾ ತಂತ್ರಾಂಶವು ಕ್ರಮವಿಧಿಕಾರ ತಪ್ಪಿದಾಗ ಅದೇ ವಾಕ್ಯವನ್ನು ಅವನ ತೆರೆಯ ಮೇಲೆ ತೋರಿಸುತ್ತದೆ. ಗ್ರಂಥದಲ್ಲಿ ತಿದ್ದಿದ ವಾಕ್ಯ ಹೀಗೆ ಎಲ್ಲೋ ದೂರದಲ್ಲಿ ಕುಳಿತವನ ದೋಷಸೂಚನೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಇಷ್ಟಾದರೂ ತಿದ್ದುವವನ ಸ್ಥಾನಮಾನ ಅನಿಶ್ಚಿತವಾಗಿಯೇ ಉಳಿದಿದೆ. ಕನ್ನಡ, ಜಪಾನಿ, ರಷ್ಯನ್ ಮೊದಲಾದ ಭಾಷೆಗಳಲ್ಲಿ ಇಂಗ್ಲಿಷಿನ ಆರ್ಟಿಕಲ್‌ಗಳಿಗೆ ಸಂವಾದಿಯಾದುದಿಲ್ಲ. ಆ ಭಾಷಿಕರ ಟಿಪ್ಪಣಿಗಳಲ್ಲಿ ಅವು ತಪ್ಪಿಹೋಗುವುದು ಸಹಜ. ಅವನ್ನು ತುಂಬುವ ತಿದ್ದುಪಡಿಯನ್ನು ಕೆಲವು ಯೋಜನೆಗಳು ಆದರದಿಂದ ಸ್ವೀಕರಿಸಿದರೆ, ಮತ್ತೆ ಕೆಲವು ನಿರ್ವಾಹಕರ ಸಮಯ ತಿನ್ನುವ ಉಪದ್ರವವೆಂದು ಕಂಡಿವೆ. ಅವರ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಗಿಟ್ ತಂತ್ರಾಂಶವು ಪ್ರತಿ ಸಾಲಿಗೂ ಅದನ್ನು ಕಡೆಯಲ್ಲಿ ಮುಟ್ಟಿದವರ ಹೆಸರನ್ನು ತೋರಿಸುತ್ತದೆ. ಅಲ್ಪವಿರಾಮ ಸೇರಿಸಿದವನ ಹೆಸರಿನಡಿಯಲ್ಲಿ ಮೂಲ ಲೇಖಕನ ಹೆಸರು ಮರೆಯಾಗುತ್ತದೆ. 2019ರ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಸೇರಿತು: ಅರ್ಥಕ್ಕೆ ಸಂಬಂಧಿಸದ ಬದಲಾವಣೆಗಳ ಪಟ್ಟಿಯೊಂದನ್ನು ಯೋಜನೆಯೊಳಗೇ ಇರಿಸಿಕೊಂಡು, ಅವುಗಳನ್ನು ದಾಟಿ ಹಿಂದಿನ ಲೇಖಕನನ್ನು ತೋರಿಸುವಂತೆ ಗಿಟ್‌ಗೆ ಸೂಚಿಸಬಹುದು. ಕ್ನೂತ್ ಅವರ ಚೆಕ್ ಪಡೆದವರು ಅದನ್ನು ನಗದು ಮಾಡಿಸದೆ ಚೌಕಟ್ಟು ಹಾಕಿಸಿ ಗೋಡೆಯ ಮೇಲೆ ತೂಗುಹಾಕಿದ್ದುಂಟು. ಈ ಪಟ್ಟಿಗೆ ಸೇರಿದ ತಿದ್ದುಗಾರನ ಹೆಸರು ಅವನು ತಿದ್ದಿದ ಸಾಲಿನ ಪಕ್ಕದಲ್ಲಿ ಕಾಣಿಸುವುದಿಲ್ಲ.