ನಾಟಿ ಓಟದಿಂದ ಹಾಕಿ ಹಬ್ಬದವರೆಗೆ

ಗೋಣಿಕೊಪ್ಪಲು, ಪೊನ್ನಂಪೇಟೆ ಸೇರಿದಂತೆ ಕೊಡಗಿನ ಗದ್ದೆ ಬಯಲುಗಳಲ್ಲಿ ಹಿಂದೆ ಭತ್ತದ ನಾಟಿ ಮುಗಿಯುವ ದಿನ ಒಂದು ಓಟ ನಡೆಯುತ್ತಿತ್ತು. ಮನೆಯ ಅತಿ ದೊಡ್ಡ ಗದ್ದೆಯನ್ನು ಕೊನೆಗೆ ಉಳಿಸಿಕೊಂಡು, ಅದರ ಉದ್ದಕ್ಕೂ ಸುಮಾರು 10 ಅಡಿ ಅಗಲದ ಪಟ್ಟಿಯಲ್ಲಿ ಪೈರು ನೆಡದೆ ಬಿಡುತ್ತಿದ್ದರು. ಗಂಡಸರು ಮೊಣಕಾಲುದ್ದದ ಕೆಸರಿನಲ್ಲಿ ಆ ಪಟ್ಟಿಯುದ್ದಕ್ಕೂ ಓಡಬೇಕು. ಮೊದಲು ಬಂದವನಿಗೆ ಬಟ್ಟೆ, ನಂತರದವರಿಗೆ ಬಾಳೆಗೊನೆ, ಹಲಸಿನ ಹಣ್ಣು. ಬಾಸೆಲ್ ಮಿಷನ್ನಿನ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಈ ಓಟದ ವಿವರ ಇದೆ. ವಾರಗಟ್ಟಲೆ ಬೆನ್ನು ಬಗ್ಗಿಸಿ ದುಡಿದವರು ಕೊನೆಯ ದಿನ ಓಡಲು ಏಕೆ ಸಿದ್ಧರಾಗುತ್ತಿದ್ದರು ಎಂಬುದು ಯೋಚಿಸಬೇಕಾದ ಸಂಗತಿ. ಅವರಲ್ಲಿ ಯಾರೂ ಅದನ್ನು ವ್ಯಾಯಾಮ ಎಂದು ಕರೆದಿರಲಾರರು.

ವ್ಯಾಯಾಮವನ್ನು ಆರಂಭಿಸುವುದು ಸುಲಭ, ಮುಂದುವರಿಸುವುದು ಕಷ್ಟ. ಹೊಸ ವರ್ಷಕ್ಕೆ ಕೊಂಡ ಕ್ಯಾನ್ವಾಸ್ ಬೂಟು ಯುಗಾದಿಯ ಹೊತ್ತಿಗೆ ಮಂಚದ ಅಡಿ ಸೇರಿರುತ್ತದೆ. ಇದಕ್ಕೆ ಮನೋಬಲದ ಕೊರತೆಯೇ ಕಾರಣ ಎಂದು ಹೇಳುವುದು ವಾಡಿಕೆ. ಕೊಡಗಿನ ಚರಿತ್ರೆ ನೋಡಿದರೆ ಕಾರಣ ಬೇರೆಯೇ ಇರಬಹುದು ಎನಿಸುತ್ತದೆ.

ಅಲ್ಲಿ ಮೈ ದಂಡಿಸುವ ಕೆಲಸಕ್ಕೆ ಪಂಚಾಂಗವೇ ವೇಳಾಪಟ್ಟಿಯಾಗಿತ್ತು. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಆರಂಭದಲ್ಲಿ ಕೈಲ್‌ಪೋದ್. ನಾಟಿಯ ತಿಂಗಳುಗಳಲ್ಲಿ ಐನ್‌ಮನೆಯ ಪವಿತ್ರ ಕೋಣೆಯಾದ ಕನ್ನಿಕೋಂಬರೆಯಲ್ಲಿ ಇಟ್ಟಿದ್ದ ಕೋವಿ, ಒಡಿಕತ್ತಿಗಳನ್ನು ಅಂದು ಹೊರತೆಗೆದು ಪೂಜಿಸುತ್ತಾರೆ. ಬಳಿಕ ಊರಿನ ಮಂದ್‌ನಲ್ಲಿ, ಅಂದರೆ ಎಲ್ಲರೂ ಕೂಡುವ ಹಸಿರು ಮೈದಾನದಲ್ಲಿ, ಆಟೋಟಗಳು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದು ಇಂದಿಗೂ ಜನ ಸೇರುವ ಸ್ಪರ್ಧೆ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣದ ಸಮಯಕ್ಕೆ ಗೋಣಿಕೊಪ್ಪಲಿಗೆ ಸಮೀಪದ ಕುಂದದಲ್ಲಿ ಬೋಡ್ ನಮ್ಮೆ. ಬಿದಿರಿನ ಕುದುರೆಯೊಂದಿಗೆ ಜನ ಕುಂದ ಬೆಟ್ಟವನ್ನು ಏರುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಗೆ ಕೋಲಾಟ, ಜೊತೆಗೆ ಪರೆಯ ಕಳಿ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ ಹಿಡಿದು ಇಬ್ಬರು ಸೆಣಸುವ ಈ ಆಟದಲ್ಲಿ ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕೆಂಬ ನಿಯಮ. ಕುಣಿಯುತ್ತಲೇ ಕಾಲು ಕಾಪಾಡಿಕೊಳ್ಳಬೇಕಾದ್ದರಿಂದ ಆಟಗಾರನ ಉಸಿರು ಮೇಲೆ ಕೆಳಗೆ ಆಗದಿರದು. ಈ ಹಬ್ಬಗಳನ್ನೂ ಹಾಡುಗಳನ್ನೂ ನಡಿಕೇರಿಯಂಡ ಚಿಣ್ಣಪ್ಪ 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿಟ್ಟರು.

ಇವೆಲ್ಲ ವರ್ಷಕ್ಕೊಮ್ಮೆ ಬರುವ ದಿನಗಳು, ನಿಜ. ಆದರೆ ಆ ದಿನ ಮಂದ್‌ಗೆ ಇಳಿಯುವವನ ಕಾಲು ವರ್ಷವಿಡೀ ಬಳಕೆಯಲ್ಲಿರುತ್ತಿತ್ತು. ಐನ್‌ಮನೆಯಿಂದ ಗದ್ದೆಗೆ ಇಳಿಯುವುದು, ಬಾಣೆಗೆ ದನ ಹೊಡೆಯುವುದು, ಸಂತೆಗೆ ಮೈಲಿಗಟ್ಟಲೆ ನಡೆಯುವುದು ದಿನಚರಿಯೇ ಆಗಿತ್ತು. ಹಬ್ಬ ಅದಕ್ಕೆ ಪರೀಕ್ಷೆಯಂತೆ. ತಪ್ಪಿಸಿಕೊಂಡರೆ ಇಡೀ ಊರಿಗೆ ಗೊತ್ತಾಗುತ್ತಿತ್ತು! ಇಲ್ಲಿ ಒಂದು ಮಾತು ಹೇಳಲೇಬೇಕು. ತೋಟಗಳಲ್ಲಿ ಕಾಫಿ ಕೊಯ್ದು, ಮೂಟೆ ಹೊತ್ತು ಬದುಕುವ ಯರವ, ಕುರುಬ ಕೂಲಿಕಾರರಿಗೆ ವ್ಯಾಯಾಮ ಎಂಬುದು ಅಂದೂ ಸಮಸ್ಯೆಯಾಗಿರಲಿಲ್ಲ, ಇಂದೂ ಅಲ್ಲ. ಅವರಿಗೆ ಬೇಕಿರುವುದು ವಿಶ್ರಾಂತಿ. ವ್ಯಾಯಾಮದ ಚಿಂತೆ ಕುಳಿತು ದುಡಿಯುವವರದು.

ಕುಳಿತು ದುಡಿಯುವವರ ಸಂಖ್ಯೆ ಮೊದಲು ಹೆಚ್ಚಿದ್ದು ನಗರಗಳಲ್ಲಿ. ಕಚೇರಿ ಗುಮಾಸ್ತನಿಗೆ ಗದ್ದೆಯೂ ಇಲ್ಲ, ಮಂದ್ ಕೂಡ ಇಲ್ಲ. ಅವನಿಗೆಂದೇ ದಾರಿ ಹುಡುಕಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಪ್ರಮುಖರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದು ಮಾತ್ರ ಅವರನ್ನು ಬಲ್ಲ ಓದುಗರು ಅನೇಕರಿದ್ದಾರೆ. ಆದರೆ ಅವರು ವ್ಯಾಯಾಮ ಶಾಲೆ ನಡೆಸಿದವರು, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳುಹಿಸಿದವರು. 1937ರಲ್ಲಿ ಸೂರ್ಯ ನಮಸ್ಕಾರದ ಬಗ್ಗೆ ಪುಸ್ತಕವನ್ನೇ ಬರೆದರು. ಚಾಪೆಯಷ್ಟು ಜಾಗ, ಬೆಳಗಿನ ಸ್ವಲ್ಪ ಹೊತ್ತು ಇದ್ದರೆ ಸಾಕು, ಉಪಕರಣ ಬೇಡ. ಅದೇ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. 1934ರಲ್ಲಿ ಅವರ ಬಳಿಗೆ ಬಂದ ಬೆಳ್ಳೂರಿನ ರೋಗಪೀಡಿತ ಹುಡುಗನೇ ಮುಂದೆ ಜಗತ್ಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್.

ಈ ಎರಡು ದಾರಿಗಳೂ ಕೊಡಗಿನ ಒಬ್ಬ ಆಟಗಾರನಲ್ಲಿ ಕೂಡಿದ್ದು ಕುತೂಹಲದ ಸಂಗತಿ. ಟೆನಿಸ್ ಆಟಗಾರ ರೋಹನ್ ಬೋಪಣ್ಣ 2025ರ ನವೆಂಬರಿನಲ್ಲಿ ನಿವೃತ್ತಿ ಪ್ರಕಟಿಸಿದಾಗ, ಸರ್ವ್ ಬಲಪಡಿಸಲು ಕೊಡಗಿನಲ್ಲಿ ಸೌದೆ ಒಡೆದದ್ದನ್ನೂ ಕಾಫಿ ತೋಟಗಳ ನಡುವೆ ಓಡಿದ್ದನ್ನೂ ನೆನೆದರು. ಮಂಡಿಯ ಮೃದ್ವಸ್ಥಿ ಸವೆದು ನೋವು ಕಾಡಿದಾಗ ಅವರ ಕೈಹಿಡಿದದ್ದು ಅಯ್ಯಂಗಾರ್ ಪದ್ಧತಿಯ ಯೋಗ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು.

ಎಲ್ಲರೂ ಬೋಪಣ್ಣ ಆಗಬೇಕಿಲ್ಲ. ಸಾಮಾನ್ಯರಲ್ಲಿ ಒಂದು ರೂಢಿ ಹೇಗೆ ಬೇರೂರುತ್ತದೆ ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ಅಭ್ಯಾಸ ನಡೆಸಿ 2010ರಲ್ಲಿ ಪ್ರಕಟಿಸಿದರು. ಊಟ, ಕಾಫಿಯಂಥ ನಿತ್ಯದ ಒಂದು ಸಂದರ್ಭಕ್ಕೆ ಹೊಸ ಕೆಲಸವನ್ನು ಜೋಡಿಸುವಂತೆ ಅವರಿಗೆ ಹೇಳಲಾಗಿತ್ತು. ಅದು ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವಿಲ್ಲ ಎಂಬುದೂ ಕಂಡುಬಂತು. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಜನಪ್ರಿಯ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಸಂದರ್ಭಕ್ಕೆ ಜೋಡಿಸುವ ಈ ಉಪಾಯ ಕೊಡಗಿಗೆ ಹೊಸದಲ್ಲ. ಹಳೆಯ ಹಬ್ಬಗಳ ಬಿಗಿ ಸಡಿಲವಾದ ಕಾಲದಲ್ಲಿ ಅದನ್ನೇ ಇನ್ನೊಂದು ರೂಪದಲ್ಲಿ ತಂದವರು ಪಾಂಡಂಡ ಕುಟ್ಟಪ್ಪ. ಸೈನ್ಯ ಮತ್ತು ಶಾಲೆಗಳ ಮೂಲಕ ಬೇರುಬಿಟ್ಟಿದ್ದ ಹಾಕಿಯನ್ನು ಅವರು ಕುಟುಂಬದ ಹೆಸರಿಗೆ ಕಟ್ಟಿದರು. 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ನಡೆದ ಮೊದಲ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ 60 ತಂಡಗಳು ಬಂದವು. ತಂಡದಲ್ಲಿ ಮಕ್ಕಳು, ಮಹಿಳೆಯರು, ನರೆತ ತಲೆಯವರು ಎಲ್ಲರೂ ಆಡಬಹುದು. ಮನೆತನದ ಹೆಸರಿನ ತಂಡಕ್ಕೆ ಹನ್ನೊಂದು ಮಂದಿ ಕೂಡಿಸಬೇಕಾದಾಗ ಬೆಂಗಳೂರಿನಲ್ಲಿರುವ ಹುಡುಗನೂ ಸ್ಟಿಕ್ ಹುಡುಕುತ್ತಾನೆ. ಏಪ್ರಿಲ್ ಹತ್ತಿರವಾದಂತೆ ಮುಂಜಾನೆ ಮೈದಾನಕ್ಕೆ ಇಳಿಯಲೇಬೇಕಾಗುತ್ತದೆ. 2018ರ ಭೂಕುಸಿತ, ಬಳಿಕ ಕೋವಿಡ್ ಕಾರಣ ನಾಲ್ಕು ವರ್ಷ ಹಬ್ಬ ನಡೆಯಲಿಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಆರಂಭವಾದಾಗ 336 ತಂಡಗಳಿದ್ದವು. 2025ರಲ್ಲಿ ಮಡಿಕೇರಿಯಲ್ಲಿ 396. ಇದನ್ನು ನೋಡಿ ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ ಸೇರಿ ಇತರ ಸಮುದಾಯಗಳ ಪಂದ್ಯಾವಳಿಗಳೂ ಹುಟ್ಟಿಕೊಂಡವು.

ಆದರೂ ಪಂದ್ಯ ಮುಗಿದ ಮೇಲಿನ ತಿಂಗಳುಗಳ ಪ್ರಶ್ನೆ ಉಳಿದೇ ಇದೆ. ಹಿಂದೆ ಆ ಕೊರತೆಯನ್ನು ನಡಿಗೆ ಮತ್ತು ಗದ್ದೆಯ ಕೆಲಸ ತುಂಬುತ್ತಿದ್ದವು. ಈಗ ತೋಟದ ಮನೆಯಿಂದ ಗೋಣಿಕೊಪ್ಪಲಿನ ಪೇಟೆಗೆ ಜೀಪು, ಸ್ಕೂಟರುಗಳಿವೆ. ಕೂಲಿ ದುಬಾರಿಯಾಗಿ, ಕಾಡಾನೆಗಳ ಹಾವಳಿ ಹೆಚ್ಚಿ, ಅನೇಕ ಗದ್ದೆಗಳು ಪಾಳು ಬಿದ್ದಿವೆ. ಈ ನಡುವೆ ಸಂಘ ಸಂಸ್ಥೆಗಳು ಮಳೆಗಾಲದಲ್ಲಿ ಕೆಸರುಗದ್ದೆ ಕ್ರೀಡಾಕೂಟ ಏರ್ಪಡಿಸುತ್ತಿವೆ. ಓಟವಿದೆ, ಹಗ್ಗಜಗ್ಗಾಟವಿದೆ, ಗೆದ್ದವರಿಗೆ ಟ್ರೋಫಿ ಇದೆ. ನಾಟಿಗೆ ಎಂದೂ ಇಳಿಯದ ಪೇಟೆಯ ಮಕ್ಕಳು ಅಲ್ಲಿ ಬಿದ್ದು, ಎದ್ದು, ಕೆಸರಿನಲ್ಲಿ ಮತ್ತೆ ಓಡುತ್ತಾರೆ.