ಐರಿಷ್ ಸೆನೆಟ್ ಸಭೆಯಲ್ಲಿ ಕವಿ ಯೇಟ್ಸ್

ವಿಲಿಯಂ ಬಟ್ಲರ್ ಯೇಟ್ಸನ ಹೆಸರು ಭಾರತೀಯ ವಾಚಕರಿಗೆ ಹೊಸದಲ್ಲ. ರವೀಂದ್ರನಾಥ ಠಾಕೂರರ ಇಂಗ್ಲಿಷ್ ಗೀತಾಂಜಲಿಗೆ 1912ರಲ್ಲಿ ಮುನ್ನುಡಿಯನ್ನು ಬರೆದವನೂ, ಶ್ರೀ ಪುರೋಹಿತಸ್ವಾಮಿಗಳೊಡನೆ ಕೂಡಿ ದಶೋಪನಿಷತ್ತುಗಳನ್ನು ಇಂಗ್ಲಿಷಿಗೆ ತಂದು 1937ರಲ್ಲಿ ಪ್ರಕಟಿಸಿದವನೂ ಆತನೇ. ಆತನ ಕಾವ್ಯವನ್ನು ಕುರಿತು ಹುಟ್ಟಿರುವ ಗ್ರಂಥರಾಶಿಗೆ ಮಿತಿಯಿಲ್ಲ. ಆದರೆ ಈ ಕವಿಯು 1922ನೆಯ ಇಸವಿಯ ಡಿಸೆಂಬರ್ ತಿಂಗಳಿನಿಂದ 1928ರ ವರೆಗೆ ಆರು ವರ್ಷಗಳ ಕಾಲ, ಆಗತಾನೇ ಜನ್ಮವೆತ್ತಿದ ಐರಿಷ್ ಸ್ವತಂತ್ರ ರಾಜ್ಯದ ಮೇಲ್ಮನೆಯಲ್ಲಿ ಕುಳಿತು ಶಾಲೆ, ನಾಣ್ಯ, ವಿವಾಹ, ಗ್ರಂಥಸ್ವಾಮ್ಯ ಮುಂತಾದ ಲೌಕಿಕ ವಿಷಯಗಳನ್ನು ಕುರಿತು ವಾದಿಸಿದನೆಂಬುದು ಕಾವ್ಯಾಭ್ಯಾಸಿಗಳಿಗೆ ಒಂದು ಅಡಿಟಿಪ್ಪಣಿಯಷ್ಟೇ ಆಗಿ ಉಳಿದಿದೆ. ಆ ಭಾಷಣಗಳನ್ನು ಡೊನಾಲ್ಡ್ ಪಿಯರ್ಸ್ ಎಂಬ ವಿದ್ವಾಂಸನು 1960ರಲ್ಲಿ ಒಂದು ಸಣ್ಣ ಸಂಪುಟವಾಗಿ ಸಂಪಾದಿಸಿದನು. ಅವನ್ನು ಕಾವ್ಯದ ಪರಿಶಿಷ್ಟವೆಂದು ಓದದೆ ರಾಜ್ಯನೀತಿಯ ಇತಿಹಾಸವೆಂದು ಓದಿದರೆ, ಬಹುಸಂಖ್ಯಾತರ ರಾಜ್ಯದಲ್ಲಿ ಅಲ್ಪಸಂಖ್ಯಾತನೊಬ್ಬನು ಸಭೆಯಲ್ಲಿ ಹೇಗೆ ಮಾತನಾಡಬೇಕೆಂಬ ಪ್ರಶ್ನೆ ಅವುಗಳಲ್ಲಿ ಎದ್ದು ಕಾಣುತ್ತದೆ.

ಆ ಸಭೆಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. 1921ನೆಯ ಡಿಸೆಂಬರ್ 6ರ ಸಂಧಾನಪತ್ರದ ಫಲವಾಗಿ, ಸರಿಯಾಗಿ ಒಂದು ವರ್ಷದ ತರುವಾಯ, ಐರ್ಲೆಂಡಿನ ಇಪ್ಪತ್ತಾರು ಜಿಲ್ಲೆಗಳು ಸ್ವತಂತ್ರ ರಾಜ್ಯವೆನಿಸಿದವು. ಶಾಸನಾಧಿಕಾರವು ಡಾಯಿಲ್ ಎಂಬ ಕೆಳಮನೆಗೂ ಸೆನೆಟ್ ಎಂಬ ಮೇಲ್ಮನೆಗೂ ಸೇರಿತು. ಸೆನೆಟ್ಟಿನ ಅರುವತ್ತು ಸದಸ್ಯರಲ್ಲಿ ಮೂವತ್ತು ಮಂದಿಯನ್ನು ಡಾಯಿಲ್ ಸಭೆಯು ಆರಿಸಿತು. ಉಳಿದ ಮೂವತ್ತು ಮಂದಿಯನ್ನು ಕಾರ್ಯಾಂಗದ ಅಧ್ಯಕ್ಷನಾದ ವಿಲಿಯಂ ಕಾಸ್‌ಗ್ರೇವ್ ನಾಮಕರಣ ಮಾಡಿದನು. ಕ್ಯಾಥೊಲಿಕ್ ಬಹುಸಂಖ್ಯಾತರ ರಾಜ್ಯದಲ್ಲಿ ಪ್ರೊಟೆಸ್ಟೆಂಟರು ಮೊದಲಾದ ಅಲ್ಪಸಂಖ್ಯಾತರಿಗೆ ಒಂದು ಆಸರೆಯಿರಲೆಂಬುದೇ ಈ ನಾಮಕರಣದ ಮುಖ್ಯೋದ್ದೇಶ. ಯೇಟ್ಸನು ಹೀಗೆ ನಾಮಕರಣಗೊಂಡವರಲ್ಲಿ ಒಬ್ಬನು. ವೇತನ ವರ್ಷಕ್ಕೆ 360 ಪೌಂಡು.

ಗೌರವದ ಸ್ಥಾನವಾದರೂ ಅದು ನಿರಪಾಯವಾದುದಾಗಿರಲಿಲ್ಲ. ಸಂಧಾನವನ್ನು ಒಪ್ಪದವರು ಆಗ ಸರಕಾರದೊಡನೆ ಅಂತರ್ಯುದ್ಧವನ್ನು ಹೂಡಿದ್ದರು. ಸೆನೆಟ್ ಸದಸ್ಯರ ಮನೆಗಳಿಗೆ ಬೆಂಕಿಯಿಡುವುದು ಅವರ ಯುದ್ಧಕ್ರಮಗಳಲ್ಲಿ ಒಂದಾಗಿದ್ದಿತು. ಸಹಕಾರ ಚಳವಳಿಯ ಪ್ರವರ್ತಕನಾದ ಸರ್ ಹೊರೇಸ್ ಪ್ಲಂಕೆಟ್ಟನ ಮನೆಯೂ, ವೈದ್ಯನೂ ಕವಿಯೂ ಆದ ಆಲಿವರ್ ಗೋಗಾರ್ಟಿಯ ಮನೆಯೂ 1923ರಲ್ಲಿ ಸುಟ್ಟುಹೋದವು. ಗೋಗಾರ್ಟಿಯನ್ನು ಶಸ್ತ್ರಧಾರಿಗಳು ಸೆರೆಹಿಡಿದೊಯ್ದಾಗ ಆತನು ಲಿಫೀ ನದಿಗೆ ಧುಮುಕಿ ಈಜಿ ಪ್ರಾಣ ಉಳಿಸಿಕೊಂಡನು. ಇಂತಹ ಕಾಲದಲ್ಲಿ ಸಭೆಗೆ ತಪ್ಪದೆ ಬರುವುದೇ ಒಂದು ರಾಜ್ಯನಿಷ್ಠೆಯಾಗಿದ್ದಿತು.

ಆರಂಭದಲ್ಲಿ ಯೇಟ್ಸನು ಎತ್ತಿಕೊಂಡ ವಿಷಯಗಳು ಆತನಿಗೆ ಸಹಜವಾದುವೇ. ಸರ್ ಹ್ಯೂ ಲೇನ್ ಎಂಬ ಕಲಾಸಂಗ್ರಾಹಕನು 1915ರಲ್ಲಿ ಲುಸಿಟಾನಿಯಾ ಹಡಗಿನೊಡನೆ ಮುಳುಗಿ ಮೃತನಾದನು. ತನ್ನ 39 ಚಿತ್ರಗಳನ್ನು ಲಂಡನ್ನಿನ ಚಿತ್ರಶಾಲೆಗೆ ಬರೆದಿದ್ದ ಈತನು, ಬಳಿಕ ಮನಸ್ಸನ್ನು ಬದಲಿಸಿ ಡಬ್ಲಿನ್ ನಗರಕ್ಕೆ ಸಲ್ಲಬೇಕೆಂದು ಮರಣಶಾಸನಕ್ಕೆ ಪುರವಣಿಯೊಂದನ್ನು ಸೇರಿಸಿ ರುಜು ಮಾಡಿದ್ದನು. ಆದರೆ ಸಾಕ್ಷಿಗಳ ರುಜು ಅದಕ್ಕೆ ಇರಲಿಲ್ಲ. ಯೇಟ್ಸನು ಈ ಪ್ರಶ್ನೆಯನ್ನು 1923ರಲ್ಲಿಯೂ 1926ರಲ್ಲಿಯೂ ಸಭೆಯ ಮುಂದೆ ತಂದನು. ಚಿತ್ರಗಳನ್ನು ಉಭಯ ನಗರಗಳೂ ಹಂಚಿಕೊಳ್ಳುವ ಒಪ್ಪಂದವಾದುದು 1959ರಲ್ಲಿ, ಕವಿಯು ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. ಪ್ರಾಚೀನ ಐರಿಷ್ ಹಸ್ತಪ್ರತಿಗಳ ಸಂಪಾದನೆಗೂ ಹಳೆಯ ಭಾಷೆಯ ನಿಘಂಟಿಗೂ ರಾಜ್ಯವು ಧನಸಹಾಯ ಮಾಡಬೇಕೆಂದು ಸೂಚಿಸಿದ ಸೆನೆಟ್ ಸಮಿತಿಗೂ ಆತನೇ ಅಧ್ಯಕ್ಷನಾಗಿದ್ದನು. 1928ರಲ್ಲಿ ಐರಿಷ್ ಹಸ್ತಪ್ರತಿ ಆಯೋಗವು ಸ್ಥಾಪಿತವಾಯಿತು.

ಹಸ್ತಪ್ರತಿಗಳಿಗಾಗಿ ಇಷ್ಟು ದುಡಿದವನು ಸಭೆಯಲ್ಲಿ ಐರಿಷ್ ಭಾಷೆಯ ಪ್ರದರ್ಶನವನ್ನು ವಿರೋಧಿಸಿದನೆಂಬುದು ಮೇಲುನೋಟಕ್ಕೆ ವಿರುದ್ಧವೆಂದು ತೋರಬಹುದು. ಸಭಾರಂಭದ ಪ್ರಾರ್ಥನೆಯನ್ನು, ಬಹುಮಂದಿ ಸದಸ್ಯರಿಗೆ ತಿಳಿಯದ ಆ ಭಾಷೆಯಲ್ಲಿ ಓದುವುದು ನಾಟಕವೆಂದು 1923ರಲ್ಲಿ ಖಂಡಿಸಿದನು. ಆತನಿಗೇ ಆ ಭಾಷೆ ಬಾರದು. ಆದರೆ ಆತನ ವಾದದ ತಿರುಳು ಬೇರೆ: ಭಾಷೆಯನ್ನು ಪ್ರೀತಿಯಿಂದ ಕಲಿಸಿರಿ, ಅದರ ಗ್ರಂಥಗಳನ್ನು ಉಳಿಸಿರಿ, ತಿಳಿಯದುದನ್ನು ತಿಳಿದಂತೆ ನಟಿಸಬೇಡಿರಿ. ಭಾಷೋದ್ಧಾರಕ್ಕೆ ಕೈಹಾಕಿದ ಯಾವ ನಾಡಿನವರಾದರೂ ಕಿವಿಗೊಡಬಹುದಾದ ಮಾತಿದು.

ಆತನ ಸೆನೆಟ್ ಜೀವನದಲ್ಲಿ ಪೂರ್ಣಫಲವನ್ನು ಕೊಟ್ಟ ಕಾರ್ಯವೆಂದರೆ ನಾಣ್ಯಗಳದು. 1926ರಲ್ಲಿ ನಾಣ್ಯದ ಮಸೂದೆಯು ಬಂದಾಗ, ಹೊಸ ನಾಣ್ಯಗಳ ರೂಪವನ್ನು ಕಲೆಯನ್ನು ಬಲ್ಲವರ ಸಮಿತಿಯೊಂದು ನಿರ್ಧರಿಸಬೇಕೆಂದು ಯೇಟ್ಸನು ಒತ್ತಾಯಪಡಿಸಿದನು. ಹಣಕಾಸಿನ ಮಂತ್ರಿಯಾದ ಅರ್ನೆಸ್ಟ್ ಬ್ಲೈತ್ ಅದನ್ನು ಒಪ್ಪಿ ಆತನನ್ನೇ ಅಧ್ಯಕ್ಷನನ್ನಾಗಿ ಮಾಡಿದನು. ಐರ್ಲೆಂಡಿನವರಲ್ಲದೆ ಸ್ವೀಡನ್, ಇಟಲಿ, ಅಮೆರಿಕ ಮೊದಲಾದ ದೇಶಗಳ ಶಿಲ್ಪಿಗಳಿಗೂ ಆಹ್ವಾನ ಹೋಯಿತು. ಒಂದು ಮುಖದಲ್ಲಿ ವೀಣೆಯನ್ನು ಹೋಲುವ ಹಾರ್ಪ್ ವಾದ್ಯ. ಇನ್ನೊಂದು ಮುಖದಲ್ಲಿ ಕೃಷಿಪ್ರಧಾನವಾದ ಆ ದೇಶದ ಪ್ರಾಣಿಗಳು: ಇದು ಸಮಿತಿಯ ನಿರ್ಣಯ. ಗೆದ್ದವನು ಇಂಗ್ಲೆಂಡಿನ ಪರ್ಸಿ ಮೆಟ್ಕಾಫ್. ಅರ್ಧ ಕ್ರೌನಿನ ಮೇಲೆ ಕುದುರೆ, ಫ್ಲಾರಿನ್ ಮೇಲೆ ಸಾಲ್ಮನ್ ಮೀನು, ಶಿಲ್ಲಿಂಗಿನ ಮೇಲೆ ಗೂಳಿ, ಆರು ಪೆನ್ನಿಯ ಮೇಲೆ ಬೇಟೆನಾಯಿ, ಮೂರು ಪೆನ್ನಿಯ ಮೇಲೆ ಮೊಲ, ಪೆನ್ನಿಯ ಮೇಲೆ ಮರಿಗಳೊಡನೆ ಕೋಳಿ, ಅರೆಪೆನ್ನಿಯ ಮೇಲೆ ಮರಿಗಳೊಡನೆ ಹಂದಿ, ಫಾರ್ದಿಂಗಿನ ಮೇಲೆ ವುಡ್‌ಕಾಕ್ ಎಂಬ ಕಾಡುಹಕ್ಕಿ. ಸಂತರ ಚಿಹ್ನೆಗಳಿಲ್ಲದ ಇವು ಪಾಷಂಡರ ನಾಣ್ಯಗಳೆಂದು ಕೆಲವರು ಕೂಗಿದರು. ಆದರೂ 1928ರ ಡಿಸೆಂಬರಿನಲ್ಲಿ ನಾಣ್ಯಗಳು ಚಲಾವಣೆಗೆ ಬಂದವು. ದಶಮಾಂಶ ಪದ್ಧತಿ ಬಂದ 1971ರ ಬಳಿಕವೂ ಅವುಗಳಲ್ಲಿ ಕೆಲವು ಚಿತ್ರಗಳು ಉಳಿದುಕೊಂಡು, 2002ರಲ್ಲಿ ಯೂರೋ ನಾಣ್ಯಗಳು ಬರುವ ವರೆಗೂ ಜನರ ಕೈಯಲ್ಲಿ ಓಡಾಡಿದವು. ಇಲ್ಲಿ ವಾಗ್ವೈಭವವೇನೂ ಇಲ್ಲ; ಪತ್ರವ್ಯವಹಾರ, ಸಮಿತಿಯ ಕೂಟಗಳು, ಅಚ್ಚುಗಳ ಪರೀಕ್ಷೆ, ಇಷ್ಟೇ. ಕವಿಯ ಕೆಲಸವೆಂದು ಯಾರೂ ಭಾವಿಸದ ಕೆಲಸದಲ್ಲಿಯೇ ಆತನಿಗೆ ಗೆಲವು ದೊರೆಯಿತು.

ಶಾಲೆಗಳ ವಿಷಯದಲ್ಲಿಯೂ ಆತನ ನಡೆ ಇಂತಹುದೇ. ಆರು ವರ್ಷದಿಂದ ಹದಿನಾಲ್ಕು ವರ್ಷದ ವರೆಗಿನ ಮಕ್ಕಳು ಕಡ್ಡಾಯವಾಗಿ ಶಾಲೆಗೆ ಬರಬೇಕೆಂಬ ಶಾಸನವು 1926ರಲ್ಲಿ ಸಿದ್ಧವಾಗುತ್ತಿದ್ದಾಗ, ಯೇಟ್ಸನು ಶಾಲೆಗಳನ್ನು ಕಣ್ಣಾರೆ ನೋಡಿಬಂದನು. ಮಕ್ಕಳನ್ನು ಬಲವಂತದಿಂದ ಕರೆತರುವ ರಾಜ್ಯವು ಅವರು ಕುಳಿತುಕೊಳ್ಳುವ ಕೊಠಡಿಯನ್ನು ಮೊದಲು ಗುಡಿಸಿ ಬೆಚ್ಚಗೆ ಇರಿಸಬೇಡವೇ ಎಂಬುದೇ ಆತನ ಪ್ರಶ್ನೆ. ವಾಟರ್‌ಫರ್ಡಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಮಾಂಟೆಸ್ಸರಿ ಪದ್ಧತಿಯಲ್ಲಿ ನಡೆಸುತ್ತಿದ್ದ ಸೇಂಟ್ ಆಟ್ಟೆರನ್ ಶಾಲೆಯನ್ನು ಆತನು ಮೆಚ್ಚಿದನು. ‘ಶಾಲಾಬಾಲಕರ ನಡುವೆ’ ಎಂಬರ್ಥದ ಹೆಸರಿನ ಪ್ರಸಿದ್ಧ ಕವಿತೆಗೆ ಈ ಭೇಟಿಯೇ ನಿಮಿತ್ತ. ಇದೇ ಸಂದರ್ಭದಲ್ಲಿ ಆತನು ಮುಸೊಲಿನಿಯ ಕಾಲದ ಇಟಲಿಯ ವಿದ್ಯಾಸುಧಾರಣೆಯನ್ನು ಹೊಗಳಿದುದನ್ನೂ ಮರೆಮಾಚಬೇಕಾಗಿಲ್ಲ. ಬಲಿಷ್ಠನಾದ ಒಬ್ಬನ ಆಡಳಿತದಲ್ಲಿ ಆತನಿಗಿದ್ದ ಮೋಹವು ಮುಂದೆ ಬೆಳೆದು ಆತನ ಕೀರ್ತಿಗೆ ಕಲಂಕವಾಯಿತು.

ಇನ್ನು, 1925ನೆಯ ಜೂನ್ 11ರ ವಿವಾಹವಿಚ್ಛೇದನದ ಭಾಷಣ. ಇದರ ಪೂರ್ವಪೀಠಿಕೆಯನ್ನು ಬಲ್ಲದೆ ಭಾಷಣದ ತೂಕ ತಿಳಿಯದು. ಇಂಗ್ಲೆಂಡಿನಲ್ಲಿ 1857ರ ಶಾಸನದಿಂದ ವಿಚ್ಛೇದನಕ್ಕೆ ನ್ಯಾಯಸ್ಥಾನವೇರ್ಪಟ್ಟಿತು; ಆ ಶಾಸನವು ಐರ್ಲೆಂಡಿಗೆ ಅನ್ವಯಿಸಲಿಲ್ಲ. ಐರ್ಲೆಂಡಿನವನು ವಿಚ್ಛೇದನ ಬಯಸಿದರೆ ತನ್ನೊಬ್ಬನಿಗಾಗಿ ಪಾರ್ಲಿಮೆಂಟಿನಲ್ಲಿ ಖಾಸಗಿ ಮಸೂದೆಯೊಂದನ್ನು ಬಹುವ್ಯಯದಿಂದ ಪಾಸುಮಾಡಿಸಿಕೊಳ್ಳಬೇಕಾಗಿತ್ತು. ಸ್ವತಂತ್ರ ರಾಜ್ಯ ಬಂದ ಮೇಲೆ ಈ ಅಧಿಕಾರವು ಡಬ್ಲಿನ್ನಿನ ಸಭೆಗಳಿಗೆ ಬಂದಿತು. ಇಂತಹ ಮಸೂದೆಗಳು ಬಾರದಂತೆ ಸಭಾನಿಯಮಗಳನ್ನೇ ತಿದ್ದಬೇಕೆಂದು 1925ರ ಫೆಬ್ರವರಿಯಲ್ಲಿ ಕಾಸ್‌ಗ್ರೇವ್ ಡಾಯಿಲ್ ಸಭೆಯಿಂದ ನಿರ್ಣಯ ಮಾಡಿಸಿದನು. ಪ್ರಜೆಗಳ ಹಕ್ಕನ್ನು ಕೇವಲ ಸಭಾನಿಯಮದಿಂದ ಕಿತ್ತುಕೊಳ್ಳಲಾಗದೆಂದು ಸೆನೆಟ್ಟಿನ ಅಧ್ಯಕ್ಷನಾದ ಲಾರ್ಡ್ ಗ್ಲೆನೇವಿಯು ಆ ನಿರ್ಣಯವನ್ನು ಚರ್ಚೆಗೆ ಬಿಡಲಿಲ್ಲ. ಯೇಟ್ಸನು ಸಿದ್ಧಪಡಿಸಿಕೊಂಡಿದ್ದ ಭಾಷಣವು ಹೀಗೆ ಆಡದೆ ಉಳಿದು, ಮಾರ್ಚಿನಲ್ಲಿ ‘ಐರಿಷ್ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಜೂನ್ ತಿಂಗಳಲ್ಲಿ, ಕ್ವೇಕರ್ ಪಂಥದವನಾದ ಜೇಮ್ಸ್ ಡಗ್ಲಸ್ ಒಂದು ಮಧ್ಯಮಮಾರ್ಗವನ್ನು ಸೂಚಿಸಿದನು: ವಿಚ್ಛೇದನದ ಮಸೂದೆಯು ಸೆನೆಟ್ಟಿನಲ್ಲಿ ಮುಂದುವರಿಯುವ ಮೊದಲು ಉಭಯ ಸಭೆಗಳಲ್ಲಿಯೂ ಅದರ ಪ್ರಥಮ ವಾಚನವಾಗಿರಬೇಕು. ಇದರಿಂದ ನಿಷೇಧವೆಂಬ ಶಬ್ದವೂ ಬಾರದು, ಡಾಯಿಲ್ ಸಭೆಯ ಬಹುಮತಕ್ಕೆ ತಡೆಯುವ ಶಕ್ತಿಯೂ ಇರುವುದು.

ಈ ಚರ್ಚೆಯಲ್ಲಿಯೇ ಯೇಟ್ಸನು ಎದ್ದು ನಿಂತುದು. ನಮ್ಮ ನ್ಯಾಯಶಾಸ್ತ್ರವು ಕಥೆಯೆಂಬ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದು ವಿತಂಡ. ಭಾಷಣದ ಪೂರ್ವಭಾಗವು ನಿಜವಾದ ವಾದವೇ. ಉತ್ತರದ ಆರು ಜಿಲ್ಲೆಗಳ ಪ್ರೊಟೆಸ್ಟೆಂಟರು ಎಂದಾದರೂ ಸ್ವತಂತ್ರ ರಾಜ್ಯಕ್ಕೆ ಸೇರಬೇಕೆಂಬ ಆಸೆಯಿದ್ದರೆ, ಇಲ್ಲಿಯ ಶಾಸನಗಳು ಕ್ಯಾಥೊಲಿಕ್ ಧರ್ಮಬುದ್ಧಿಯೊಂದರಿಂದಲೇ ಹುಟ್ಟುತ್ತವೆಂದು ಅವರಿಗೆ ತೋರಿಸಕೂಡದು; ತೋರಿಸಿದರೆ ನಡುವಣ ಗಡಿಯು ಶಾಶ್ವತವಾಗುವುದು. ಗಡಿಯ ಆಯೋಗವು ಕೆಲಸ ಮಾಡುತ್ತಿದ್ದ ವರ್ಷವದು. ಡಿಸೆಂಬರಿನಲ್ಲಿ ಗಡಿಯು ಇದ್ದಲ್ಲಿಯೇ ಸ್ಥಿರವಾಯಿತು. ಬಿಡಿಸಲಾಗದ ವಿವಾಹವನ್ನು ಶಾಸನದಿಂದ ಹೇರಿದ ದೇಶಗಳಲ್ಲಿ ನೀತಿ ಹೆಚ್ಚಲಿಲ್ಲ, ಅನಧಿಕೃತ ಸಂಬಂಧಗಳೇ ಹೆಚ್ಚಿದವೆಂಬುದು ಆತನ ಎರಡನೆಯ ಯುಕ್ತಿ.

ಉತ್ತರಭಾಗದಲ್ಲಿ ಧಾಟಿ ಬದಲಾಯಿತು. ಡಬ್ಲಿನ್ನಿನ ರಾಜಬೀದಿಯಲ್ಲಿ ನಿಂತಿದ್ದ ಓಕಾನಲ್, ಪಾರ್ನೆಲ್, ನೆಲ್ಸನ್ ಎಂಬ ಮೂವರ ಸ್ಮಾರಕಗಳತ್ತ ಕೈತೋರಿ ಆ ಮಹಾಪುರುಷರ ಖಾಸಗಿ ನಡತೆಯನ್ನೆತ್ತಿದನು. ಸತ್ತವರನ್ನು ಬಿಟ್ಟುಬಿಡಬಾರದೇ ಎಂದು ಅಧ್ಯಕ್ಷನು ತಡೆದನು, ಯೇಟ್ಸನು ನಿಲ್ಲಲಿಲ್ಲ. ಕೊನೆಗೆ ತನ್ನ ಜನವು ಕ್ಷುಲ್ಲಕವಾದುದಲ್ಲವೆಂದೂ ಬರ್ಕ್, ಗ್ರ್ಯಾಟನ್, ಸ್ವಿಫ್ಟ್, ಎಮ್ಮೆಟ್, ಪಾರ್ನೆಲ್ ಇವರ ಕುಲವೆಂದೂ ಸಾರಿ, ಆ ದೇಶದ ಆಧುನಿಕ ಸಾಹಿತ್ಯದ ಬಹುಭಾಗವನ್ನೂ ರಾಜನೀತಿಪ್ರಜ್ಞೆಯ ಉತ್ತಮಾಂಶವನ್ನೂ ಆ ಕುಲವೇ ನಿರ್ಮಿಸಿತೆಂದು ಘೋಷಿಸಿದನು. ಇಂದಿಗೂ ಎಲ್ಲರೂ ಉದ್ಧರಿಸುವುದು ಈ ಭಾಗವನ್ನೇ. ಗದ್ಯವಾಗಿ ಅದು ಉಜ್ಜ್ವಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1926ರ ಜನಗಣತಿಯಂತೆ ನೂರಕ್ಕೆ 92ಕ್ಕೂ ಹೆಚ್ಚು ಮಂದಿ ಕ್ಯಾಥೊಲಿಕರಿದ್ದ ರಾಜ್ಯದಲ್ಲಿ, ಅವರ ಪ್ರತಿನಿಧಿಗಳ ಮತವು ಬೇಕಾಗಿದ್ದ ಹೊತ್ತಿನಲ್ಲಿ, ಕುಲದ ಹಿರಿಮೆಯನ್ನು ಎಣಿಸಿ ಹೇಳುವುದು ಜಲ್ಪವೇ ಹೊರತು ವಾದವಲ್ಲ. ಪ್ರಜೆಯ ಹಕ್ಕು ಆತನ ಪೂರ್ವಜರ ಪ್ರತಿಭೆಯಿಂದ ಹುಟ್ಟುವುದಿಲ್ಲ. ಒಬ್ಬ ಪ್ರತಿಭಾವಂತನನ್ನೂ ಹೆರದ ಕುಲಕ್ಕೂ ಅದು ಸಮಾನ. ಈ ಸರಳವಾದ ಯುಕ್ತಿಯು ಕುಲಾಭಿಮಾನದ ಗಾಳಿಯಲ್ಲಿ ಹಾರಿಹೋಯಿತು. ಸೋಲು ನಿಶ್ಚಿತವೆಂದರಿತು ಮುಂದಿನವರಿಗಾಗಿ ಆಡಿದ ಮಾತಿದೆಂದು ಕವಿಯ ಪಕ್ಷಪಾತಿಗಳು ಹೇಳುವರು. ಇರಬಹುದು. ಆದರೆ ಡಗ್ಲಸ್ಸನ ಸೂಚನೆಯು ಆ ದಿನ ಸೆನೆಟ್ಟಿನಲ್ಲಿ ಸೋಲಲಿಲ್ಲ, ಅಲ್ಪ ಬಹುಮತದಿಂದ ಗೆದ್ದಿತು. ಅದನ್ನು ಒಪ್ಪದೆ ಹೋದುದು ಡಾಯಿಲ್ ಸಭೆ.

ಬಳಿಕ ಯಾವ ವಿಚ್ಛೇದನದ ಮಸೂದೆಯೂ ಶಾಸನವಾಗಲಿಲ್ಲ. 1937ರ ರಾಜ್ಯಾಂಗವು ವಿಚ್ಛೇದನವನ್ನು ಸ್ಪಷ್ಟವಾಗಿಯೇ ನಿಷೇಧಿಸಿತು. ಅದನ್ನು ತೆಗೆಯಲು 1986ರಲ್ಲಿ ನಡೆದ ಜನಮತಗಣನೆಯು ಸೋತಿತು. 1995ನೆಯ ನವೆಂಬರ್ 24ರಂದು ಎರಡನೆಯದು ಗೆದ್ದಿತು. ಗೆಲವಿನ ಅಂತರ ದೇಶಕ್ಕೆಲ್ಲ 9,114 ಮತಗಳು. ಯೇಟ್ಸನ ಭಾಷಣವಾಗಿ ಆಗ ಎಪ್ಪತ್ತು ವರ್ಷಗಳು ಕಳೆದಿದ್ದವು.

ವಿಚ್ಛೇದನದ ಚರ್ಚೆಯ ತರುವಾಯ ಆತನು ಮೂಲೆಗುಂಪಾದನೆಂಬ ಮಾತು ಸರಿಯಲ್ಲ. ನಾಣ್ಯ ಮತ್ತು ಶಾಲೆಗಳ ಕಾರ್ಯಗಳೆರಡೂ ಅನಂತರದವೇ. 1927ರಲ್ಲಿ ಗ್ರಂಥಸ್ವಾಮ್ಯದ ಮಸೂದೆಯ ಮೇಲೆ, ಐರ್ಲೆಂಡಿನಲ್ಲಿಯೇ ಮುದ್ರಿಸಿದ ಗ್ರಂಥಕ್ಕೆ ಮಾತ್ರ ರಕ್ಷಣೆಯೆಂಬ ಷರತ್ತನ್ನು ಲೇಖಕರ ಪರವಾಗಿ ಎದುರಿಸಿದನು. 1928ರ ಜುಲೈ ತಿಂಗಳಲ್ಲಿ ಆಡಿದ ಕಡೆಯ ಮಾತಿನಲ್ಲಿ, ಈ ಸಭೆಗೆ ಪ್ರತಿನಿಧಿಗಳಾದವರಿಗಿಂತ ಸಮರ್ಥರಾದವರು ಬರುವುದು ಲೇಸೆಂದನು. ಸಾಮರ್ಥ್ಯವನ್ನು ಅಳೆಯುವವರು ಯಾರೆಂಬುದನ್ನು ಹೇಳಲಿಲ್ಲ.

ದೇಹಾರೋಗ್ಯ ಕೆಟ್ಟಿದ್ದುದರಿಂದ ಆತನು ಪುನಃ ಸದಸ್ಯತ್ವವನ್ನು ಬಯಸಲಿಲ್ಲ. ಆ ವೇಳೆಗೆ ಗ್ರಂಥಗಳ ನಿಯಂತ್ರಣದ ಮಸೂದೆಯು ಬಂದಿದ್ದಿತು. ಚಲಚ್ಚಿತ್ರಗಳ ನಿಯಂತ್ರಣವನ್ನು ಕುರಿತ ಚರ್ಚೆಯಲ್ಲಿ 1923ರಲ್ಲಿಯೇ, ಕೀಳುಕಲೆಯ ದುಷ್ಫಲವನ್ನು ಪತ್ರಿಕೆಗಳು ದೊಡ್ಡದು ಮಾಡುತ್ತವೆಂದೂ ಕಲೆಗಳನ್ನು ಜನರ ಸಾಮಾನ್ಯ ಅಂತಃಕರಣಕ್ಕೆ ಬಿಡುವುದು ಮೇಲೆಂದೂ ಹೇಳಿದ್ದವನು, ಈಗ ಸೆಪ್ಟೆಂಬರಿನಲ್ಲಿ ಎರಡು ಪತ್ರಿಕಾಲೇಖನಗಳಿಂದ ಮಸೂದೆಯನ್ನು ಖಂಡಿಸಿದನು. ಅವುಗಳಲ್ಲಿ ಒಂದರಲ್ಲಿ ಎದುರಾಳಿಗಳ ಆಚಾರ್ಯನಾದ ಸಂತ ಥಾಮಸ್ ಅಕ್ವಿನಾಸನನ್ನೇ ಪ್ರಮಾಣವಾಗಿ ಹಿಡಿದನು. ಪರರಿಗೆ ಸಮ್ಮತವಾದ ಪ್ರಮಾಣದಿಂದಲೇ ಪರರೊಡನೆ ವಾದಿಸುವ ಈ ಕ್ರಮವನ್ನು ಆತನು 1925ರಲ್ಲಿ ಅನುಸರಿಸಿರಲಿಲ್ಲ. 1929ರಲ್ಲಿ ಮಸೂದೆಯು ಶಾಸನವಾದಾಗ ಸೆನೆಟ್ಟಿನಲ್ಲಿ ಆತನ ಆಸನದ ಅವಧಿಯು ಮುಗಿದುಹೋಗಿದ್ದಿತು.